ಹಳೇ ಹಂಚಿನ ಕಾರ್ಖಾನೆ ಜಾಗಕ್ಕೆ ಥೀಮ್ ಪಾರ್ಕ್ ಬರ್ತದಂತೆ, ಗ್ರಾಮಸಭೆಯಲ್ಲಿ ಎಂತೆಲ್ಲ ಕೇಳ್ಬೇಕು?

ಕುಂಬಳೆ ಕಡೆಯವ:

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಸ್ವಲ್ಪ ಒಳಗೆ ನಮ್ಮ ಊರಲ್ಲಿ ಒಂದು ಹಳೇ ಹಂಚಿನ ಕಾರ್ಖಾನೆ ಉಂಟು, ಮುಚ್ಚಿ ಸುಮಾರು ವರ್ಷ ಆಯ್ತು, ಮಾಡು ಪೂರ್ತಿ ಕುಸಿದಿದೆ, ಚಿಮಿಣಿ ಮಾತ್ರ ನಿಂತಿದೆ, ಹಿಂದೆ ಮಣ್ಣು ತೆಗೆದ ದೊಡ್ಡ ಹೊಂಡದಲ್ಲಿ ಮೇ ತಿಂಗಳಲ್ಲೂ ನೀರಿರ್ತದೆ. ಆ ಜಾಗದಲ್ಲಿ ಫ್ಯಾಮಿಲಿ ಥೀಮ್ ಪಾರ್ಕ್ ಮಾಡ್ತಾರೆ ಅಂತ ಈಗ ಊರೆಲ್ಲ ಮಾತು. ವಾರ್ಡ್ ಮೆಂಬರ್ ಹತ್ರ ಕೇಳಿದ್ರೆ ಮುಂದಿನ ಗ್ರಾಮಸಭೆಗೆ ವಿಷಯ ಬರ್ತದೆ ಅಂದ್ರು.

ನಂಗೆ ಪಾರ್ಕ್ ಬೇಕು ಅಂತಲೇ ಉಂಟು, ಅದನ್ನ ಮೊದಲೇ ಹೇಳ್ತೇನೆ. ನಮ್ಮ ಮಕ್ಕಳನ್ನ ಒಂದು ರಜೆಗೆ ಕರ್ಕೊಂಡು ಹೋಗ್ಲಿಕ್ಕೆ ಬೇಕಲ ಕೋಟೆ ಬಿಟ್ರೆ ಎಂತ ಉಂಟು ಇಲ್ಲಿ, ಆಸ್ಪತ್ರೆಗೂ ಮಂಗಳೂರು, ಕಾಲೇಜಿಗೂ ಮಂಗಳೂರು, ಆಟ ಆಡ್ಲಿಕ್ಕೂ ಪಿಲಿಕುಳಕ್ಕೇ ಹೋಗ್ಬೇಕು. ಮೊನ್ನೆ ಇಂಗ್ಲೆಂಡಿನ ಬೆಡ್‌ಫರ್ಡ್ ಹತ್ರ ಹಳೇ ಇಟ್ಟಿಗೆ ಕಾರ್ಖಾನೆ ಜಾಗದಲ್ಲಿ ಹಾಲಿವುಡ್ ಸಿನಿಮಾದ ಯೂನಿವರ್ಸಲ್ ಕಂಪೆನಿಯವರ ದೊಡ್ಡ ಪಾರ್ಕ್ ಬರ್ತಾ ಉಂಟು ಅಂತ ಓದಿದೆ, ಅಲ್ಲೂ ಮಣ್ಣು ತೆಗೆದ ಹೊಂಡ, ಚಿಮಿಣಿ, ಎಲ್ಲ ನಮ್ಮ ಹಾಗೇ. ಅವರು ಹೇಗೆ ಮಾಡಿದ್ರು? ನಾವು ಸಭೆಯಲ್ಲಿ ಎಂತ ಕೇಳ್ಬೇಕು? ಸುಮ್ಮನೆ ಕೈ ಎತ್ತಿ ಬಂದ್ರೆ ಆಮೇಲೆ ಕೇಳುವವರು ಯಾರೂ ಇರೋದಿಲ್ಲ, ಅದಕ್ಕೇ ಈಗ ಕೇಳ್ತಾ ಇದ್ದೇನೆ.

ಕೆಂಪ್‌ಸ್ಟನ್ ಅಕ್ಕ, ಊರು ಮಂಜೇಶ್ವರ:

ನಾನು ಇರೋದು ಬೆಡ್‌ಫರ್ಡಿನ ಆ ಪಾರ್ಕ್ ಬರುವ ಜಾಗದ ಹತ್ರವೇ, ಆದ್ದರಿಂದ ಗೊತ್ತಿದ್ದದ್ದು ಹೇಳ್ತೇನೆ. 2025ರ ಏಪ್ರಿಲ್ 9ಕ್ಕೆ ಇಲ್ಲಿನ ಪ್ರಧಾನಿ ಕೀರ್ ಸ್ಟಾರ್ಮರ್ ಘೋಷಣೆ ಮಾಡಿದ್ರು. 476 ಎಕ್ರೆ, 2031ಕ್ಕೆ ಓಪನ್ ಮಾಡೋದು ಅಂತ ಪ್ಲಾನ್, ಮೊದಲ ವರ್ಷವೇ 85 ಲಕ್ಷ ಜನ ಬರ್ತಾರೆ ಅಂತ ಅವರ ಲೆಕ್ಕ, ಒಳಗೇ 500 ರೂಮಿನ ಹೋಟೆಲು. ಕೆಲಸ ಒಟ್ಟು 28,000 ಅಂತ ಪೇಪರಲ್ಲಿ ದೊಡ್ಡದಾಗಿ ಬಂತು. ಆದ್ರೆ ಅದರಲ್ಲಿ 20,000 ಕಟ್ಟುವ ಸಮಯದ್ದು, ಪಾರ್ಕ್ ಶುರು ಆದ್ಮೇಲೆ ಉಳಿಯೋದು 8,000. ನಿಮ್ಮ ಸಭೆಯಲ್ಲೂ ಯಾರಾದ್ರೂ ಇಷ್ಟು ಸಾವಿರ ಕೆಲಸ ಅಂದ್ರೆ ಮೊದಲು ಕೇಳಿ, ಕಟ್ಟುವಾಗ ಎಷ್ಟು, ಕಟ್ಟಿ ಆದ್ಮೇಲೆ ಎಷ್ಟು ಅಂತ.

ಈ ಊರಿಗೆ ಇಟ್ಟಿಗೆಯೇ ಅನ್ನ ಕೊಟ್ಟದ್ದು. ಇಲ್ಲಿಯ ಮಣ್ಣಲ್ಲೇ ಉರಿಯುವ ಅಂಶ ಇರೋದ್ರಿಂದ ಸುಡ್ಲಿಕ್ಕೆ ಕಲ್ಲಿದ್ದಲು ಕಮ್ಮಿ ಸಾಕಾಗ್ತಿತ್ತು, ಹಾಗಾಗಿ ಪಕ್ಕದ ಸ್ಟುವರ್ಟ್‌ಬಿ ಒಂದು ಕಾಲಕ್ಕೆ ಪ್ರಪಂಚದಲ್ಲೇ ದೊಡ್ಡ ಇಟ್ಟಿಗೆ ಕಾರ್ಖಾನೆ ಅನಿಸ್ಕೊಂಡಿತ್ತು. 1950ರ ದಶಕದಲ್ಲಿ ಇಟಲಿಯಿಂದ ಜನ ಕರೆಸಿದ್ರು ಕೆಲಸಕ್ಕೆ, ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಇಲ್ಲೇ ಇದ್ದಾರೆ, ನಮ್ಮ ಬೀದಿಯಲ್ಲೇ ಇದ್ದಾರೆ. ಗಂಧಕದ ಹೊಗೆಯ ಮಿತಿ ಬಿಗಿ ಆದ್ಮೇಲೆ 2008ಕ್ಕೆ ಸ್ಟುವರ್ಟ್‌ಬಿ ಮುಚ್ಚಿತು. ಉಳಿದ ನಾಲ್ಕು ಚಿಮಿಣಿಗಳನ್ನ 2021ರಲ್ಲಿ ಉರುಳಿಸಿದ್ರು, ಉಳಿಸ್ಬೇಕಿತ್ತು ಅಂತ ಈಗಲೂ ಹೇಳುವವರಿದ್ದಾರೆ. ಮಣ್ಣು ತೆಗೆದ ಹೊಂಡ ಕೆಲವು ಕೆರೆ ಆದ್ವು, ಕೆಲವಕ್ಕೆ ಊರ ಕಸ ತುಂಬಿದ್ರು.

ನೀವು ಗಮನಿಸ್ಬೇಕಾದ್ದು ಒಂದು ಉಂಟು. ಇಲ್ಲಿ ರಸ್ತೆ, ರೈಲಿನ ಮಾತು ಪಾರ್ಕಿನ ಜೊತೆಗೇ ಆಯ್ತು. ಎ421 ಹೈವೇಯಿಂದ ಒಳಗೆ ಬರ್ಲಿಕ್ಕೆ ಬೇರೆ ದಾರಿ, ವಿಕ್ಸಮ್ಸ್ ಸ್ಟೇಷನ್ ದೊಡ್ಡದು ಮಾಡೋದು, ಇದೆಲ್ಲ ಸರ್ಕಾರದ ಕಡೆಯಿಂದ ಮಾತಲ್ಲೇ ಸೇರಿತ್ತು. ಇನ್ನೊಂದು, ಇದಕ್ಕೆ ಪರ್ಮಿಷನ್ ಕೊಟ್ಟದ್ದು ಇಲ್ಲಿಯ ಕೌನ್ಸಿಲ್ ಅಲ್ಲ, ವಿಶೇಷ ಆದೇಶದ ಮೂಲಕ 2025ರ ಡಿಸೆಂಬರಲ್ಲಿ ಸರ್ಕಾರವೇ ಕೊಟ್ಟದ್ದು. ಬೇಗ ಆಯ್ತು, ಹೆಚ್ಚಿನವರಿಗೆ ಖುಷಿಯೂ ಆಯ್ತು, ಆದ್ರೆ ಟ್ರಾಫಿಕ್ಕಿನ ಹೆದರಿಕೆ ಇದ್ದ ಅಕ್ಕಪಕ್ಕದ ಹಳ್ಳಿಯವರಿಗೆ ತಮ್ಮ ಮಾತು ಮೇಲೆ ಮುಟ್ಟಿತಾ ಅಂತ ಇನ್ನೂ ಸಂಶಯ.

ರೈಡ್ ಮೆಂಟೆನೆನ್ಸ್:

ಕುಂಬಳೆ ಅಣ್ಣ, ನಾನು ವಾಟರ್ ಪಾರ್ಕಲ್ಲಿ ಮೆಂಟೆನೆನ್ಸ್ ಕೆಲಸದಲ್ಲಿ ಇದ್ದವ, ಊರು ಉಪ್ಪಳ. ಮೊದಲು ಜಾಗ ಎಷ್ಟು ಎಕ್ರೆ ಹೇಳಿ, ಎಲ್ಲ ಅದರ ಮೇಲೆಯೇ ಇರೋದು. ಬೆಡ್‌ಫರ್ಡಿಗೆ ಹೋಲಿಸ್ಲಿಕ್ಕೆ ಹೋಗ್ಬೇಡಿ. ಬಿಡದಿಯ ವಂಡರ್‌ಲಾ 2005ರಲ್ಲಿ ಶುರು ಆದದ್ದು, ಅದು ಇರೋದೇ 82 ಎಕ್ರೆ, ಅಷ್ಟರಲ್ಲೇ ಅವರು ಬೆಂಗಳೂರಿನಂಥ ಊರಿನ ಜನರಿಗೆ ಸಾಕಾಗುವ ಹಾಗೆ ನಡೆಸ್ಕೊಂಡು ಹೋಗ್ತಾರೆ. ನೀವು ಹೋಲಿಸ್ಬೇಕಾದ್ದು ನಮ್ಮ ಪಕ್ಕದ ಕಣ್ಣೂರಿನ ಪರಶ್ಶಿನಿಕಡವಿನ ವಿಸ್ಮಯ ಪಾರ್ಕಿಗೆ. ಅದು ಸಹಕಾರಿ ಸಂಘದ್ದು, ಮಳೆನೀರು ಹಿಡಿದಿಟ್ಟು ನಡೆಸುವ ಪಾರ್ಕು, ಮುತ್ತಪ್ಪನ ಕ್ಷೇತ್ರಕ್ಕೆ ಬಂದವರು ಹಾಗೇ ಅಲ್ಲಿಗೂ ಹೋಗ್ತಾರೆ. ಒಂದು ದಿನ ಬಿಡುವು ಮಾಡಿ ಪಂಚಾಯತಿನವರನ್ನೂ ಕರ್ಕೊಂಡು ಹೋಗಿ ನೋಡ್ಕೊಂಡು ಬನ್ನಿ, ಟಿಕೆಟಿನ ಹಣ ದಂಡ ಅಲ್ಲ.

ಈಗ ನೀರಿನ ವಿಷಯ. ಜನ ತಿಳ್ಕೊಳ್ಳೋದು ಒಮ್ಮೆ ಪೂಲ್ ತುಂಬಿಸಿದ್ರೆ ಮುಗೀತು ಅಂತ, ಹಾಗಲ್ಲ. ನಮ್ಮ ಮಾರ್ಚ್ ಏಪ್ರಿಲ್ ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ಆವಿ ಆಗ್ತದೆ ಅಂತ ಹಿಡಿದ್ರೂ 1000 ಚದರ ಮೀಟರ್ ಪೂಲಲ್ಲಿ ದಿನಕ್ಕೆ 5000 ಲೀಟರ್ ಬರೀ ಆಕಾಶಕ್ಕೆ ಹೋಯ್ತು. ಅದರ ಮೇಲೆ ಮಕ್ಕಳು ಮೈಯಲ್ಲಿ ಹೊತ್ಕೊಂಡು ಹೋಗುವ ನೀರು, ಸ್ಲೈಡಲ್ಲಿ ಹೊರಗೆ ಚೆಲ್ಲುವ ನೀರು, ಮತ್ತೆ ಮರಳಿನ ಫಿಲ್ಟರು. ಆ ಫಿಲ್ಟರಲ್ಲಿ ಎಣ್ಣೆ, ಕೂದಲು, ಕೊಳೆ ಎಲ್ಲ ಕಟ್ಕೊಂಡಾಗ ಪ್ರೆಶರ್ ಏರ್ತದೆ, ಆಗ ನೀರನ್ನ ಉಲ್ಟಾ ಬಿಟ್ಟು ತೊಳೀಬೇಕು, ವಾಲ್ವ್ ತಿರುಗಿಸಿದ ಕೂಡ್ಲೇ ಹೊರಗೆ ಬರೋದು ಕಾಫಿ ಬಣ್ಣದ ಕ್ಲೋರಿನ್ ನೀರು. ಅದು ಎಲ್ಲಿಗೆ ಹೋಗ್ತದೆ? ತೋಡಿಗೆ ಬಿಟ್ರೆ ಕೆಳಗಿನ ಗದ್ದೆ, ತೋಟದವರ ಗತಿ ಎಂತ? ಇದನ್ನ ಪ್ಲಾನಲ್ಲಿ ಬರೆದು ತೋರಿಸಿ ಅಂತ ಕೇಳಿ. ಬಾಯಲ್ಲಿ ಹೇಳಿದ್ರೆ ಒಪ್ಪಬೇಡಿ.

ಇನ್ನು ಮಳೆಗಾಲ. ಜೂನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಯಾರು ಬರ್ತಾರೆ ಹೇಳಿ, ಸಿಡಿಲು ಮಿಂಚು ಬಂದ್ರೆ ಎತ್ತರದ ರೈಡ್ ನಿಲ್ಲಿಸ್ಲೇಬೇಕು. ದಿನಗೂಲಿಯವರನ್ನ ಆಗ ಮನೆಗೆ ಕಳಿಸ್ತಾರೆ. ಕಡಲ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯೋದು ಬೇರೆ, ಬೋಲ್ಟು, ವೆಲ್ಡಿಂಗ್ ಎಲ್ಲ ಘಟ್ಟದ ಮೇಲಿನದ್ದಕ್ಕಿಂತ ಜಾಸ್ತಿ ಸರ್ತಿ ನೋಡ್ಬೇಕು. ಮೆಂಟೆನೆನ್ಸಿಗೆ ವರ್ಷಕ್ಕೆ ಎಷ್ಟು ಹಣ ಇಡ್ತೀರಿ ಅಂತ ಯಾರೂ ಕೇಳೋದಿಲ್ಲ, ನೀವು ಕೇಳಿ. ಮಕ್ಕಳು ಕೂತ್ಕೊಳ್ಳುವ ಸೀಟು ಅದು.

ಪೆರ್ಲ ಕೃಷಿಕ:

ನಮ್ಮ ಜಿಲ್ಲೆಗೆ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ, ಆದ್ರೂ ಮಾರ್ಚ್ ಬಂದ್ರೆ ಬಾವಿಯ ತಳ ಕಾಣ್ತದೆ. ಮುರಕಲ್ಲಿನ ನೆಲ, ಬಿದ್ದ ನೀರು ಸೀದಾ ಹೊಳೆಗೆ, ಅಲ್ಲಿಂದ ಕಡಲಿಗೆ. ನಮ್ಮಲ್ಲಿ ಇನ್ನೂ ಸುರಂಗದ ನೀರಲ್ಲಿ ತೋಟ ಮಾಡುವವರಿದ್ದಾರೆ, ಗುಡ್ಡದೊಳಗೆ ಒಬ್ಬ ಬಗ್ಗಿ ಹೋಗುವಷ್ಟು ಅಗಲ ಕೊರೆದು, ತುದಿಯಲ್ಲಿ ಒಸರುವ ಬೆರಳು ದಪ್ಪದ ನೀರನ್ನ ಅಡಿಕೆ ಹಾಳೆಯಲ್ಲಿ ಹಿಡಿದು ಟ್ಯಾಂಕಿಗೆ ಬಿಡೋದು. ಅಂಥ ಗುಡ್ಡದ ಬುಡದಲ್ಲಿ ಪಾರ್ಕಿನವರು ಬೋರ್‌ವೆಲ್ ಹೊಡೆದ್ರೆ ಮೇಲಿನವರ ಒಸರು ನಿಂತ್ರೆ ಯಾರನ್ನ ಕೇಳೋದು? ಬೋರ್ ಇಲ್ಲ, ಹೊಂಡದ ಮಳೆನೀರು ಮಾತ್ರ ಅಂತ ಕಂಡೀಶನ್ ಹಾಕಿಸಿ. ಹೊಂಡವೇ ನಿಮಗೆ ದೊಡ್ಡ ಆಸ್ತಿ, ಅದನ್ನ ಮುಚ್ಚಿ ಪಾರ್ಕಿಂಗ್ ಮಾಡ್ಲಿಕ್ಕೆ ಬಿಡಬೇಡಿ.

ಆ ಹೊಂಡ ಮೊದಲು ಗದ್ದೆ ಆಗಿತ್ತಾ ನೋಡಿ. ಹಂಚಿನ ಮಣ್ಣು ಹೆಚ್ಚಾಗಿ ಗದ್ದೆಯಿಂದಲೇ ತೆಗೆದದ್ದು. ಕೃಷಿ ಭವನದಲ್ಲಿ ಡೇಟಾ ಬ್ಯಾಂಕ್ ಅಂತ ಗದ್ದೆಗಳ ಪಟ್ಟಿ ಇರ್ತದೆ, ಅದರಲ್ಲಿ ನಿಲಂ, ಅಂದ್ರೆ ಗದ್ದೆ ಅಂತ ಇದ್ರೆ ಕೇರಳದ 2008ರ ಗದ್ದೆ, ಜೌಗು ಸಂರಕ್ಷಣೆ ಕಾನೂನು ಬರ್ತದೆ, ಮನಸ್ಸು ಬಂದ ಹಾಗೆ ಮಣ್ಣು ತುಂಬಿಸ್ಲಿಕ್ಕೆ ಆಗೋದಿಲ್ಲ.

ಮತ್ತೊಂದು ವಿಷಯ ಎಲ್ಲರೂ ತಿಳ್ಕೊಳ್ಬೇಕು. ಒಟ್ಟು ಕಟ್ಟಡ 20,000 ಚದರ ಮೀಟರ್ ದಾಟಿದ್ರೆ ಕೇಂದ್ರ ಸರ್ಕಾರದ 2006ರ ಪರಿಸರ ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಬೇಕು, ಆದ್ರೆ ಅದೇ ಅಧಿಸೂಚನೆಯಲ್ಲಿ ಕಟ್ಟಡದ ಪ್ರಾಜೆಕ್ಟಿಗೆ ಜನರ ಅಹವಾಲು ಕೇಳುವ ಸಭೆ ಬೇಡ ಅಂತ ಬಿಟ್ಟಿದ್ದಾರೆ. ಗಣಿಗೆ, ದೊಡ್ಡ ಫ್ಯಾಕ್ಟರಿಗೆ ಇದ್ದ ಹಾಗೆ ಕಲೆಕ್ಟರ್ ಬಂದು ಕೂತು ಕೇಳುವ ಸಭೆ ನಿಮಗೆ ಸಿಗ್ತದೆ ಅಂತ ಕಾಯ್ಬೇಡಿ. ನಿಮಗೆ ಇರೋದು ಗ್ರಾಮಸಭೆ, ಅಲ್ಲಿಯ ಮಿನಿಟ್ಸಲ್ಲಿ ನಿಮ್ಮ ಮಾತು ಬರೆಸಿ.

ಮಣ್ಣಿನ ಟೆಸ್ಟೂ ಬೇಕು. ಭಟ್ಟಿಯ ಬೂದಿ, ಮೆಷಿನಿನ ಎಣ್ಣೆ ಎಷ್ಟೋ ವರ್ಷ ಬಿದ್ದ ಜಾಗ, ಅದರ ಮೇಲೆ ಮಕ್ಕಳು ಬರಿಗಾಲಲ್ಲಿ ಓಡ್ತಾರೆ. ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟಾಗ ನಮಗೂ ಏನೂ ಆಗೋದಿಲ್ಲ ಅಂತಲೇ ಹೇಳಿದ್ದು, ನಾವು ನಂಬಿದೆವು. ಎಣ್ಮಕಜೆಯಲ್ಲಿ ಈಗಲೂ ಹಾಸಿಗೆಯಲ್ಲೇ ಇರುವ ಮಕ್ಕಳಿದ್ದಾರೆ. ಕಾಗದದಲ್ಲಿ ರಿಪೋರ್ಟ್ ನೋಡದೆ ನಾನಂತೂ ಯಾವುದಕ್ಕೂ ಹೂಂ ಅನ್ನೋದಿಲ್ಲ.

ಹಂಚಿನವರ ಮಗಳು:

ಎಲ್ಲರೂ ನೀರು ಮಣ್ಣು ಹೇಳಿದ್ರು, ನಾನು ಅಲ್ಲಿ ದುಡಿದವರ ವಿಷಯ ಹೇಳ್ತೇನೆ. ನನ್ನ ಅಮ್ಮ ಇಂಥದ್ದೇ ಒಂದು ಕಾರ್ಖಾನೆಯಲ್ಲಿ ಇದ್ದವರು. ಪ್ರೆಸ್ಸಿಂದ ಬಂದ ಹಸಿ ಹಂಚನ್ನ ಹಲಗೆ ಸಮೇತ ಎತ್ತಿ, ಅಂಚಿಗೆ ಅಂಟಿದ ಮಣ್ಣನ್ನ ಕೈಯಿಂದ ಸವರಿ, ಒಣಗ್ಲಿಕ್ಕೆ ಸಾಲಾಗಿ ಇಡೋದು, ದಿನವಿಡೀ ಅದೇ ಕೆಲಸ, ಸ್ವಲ್ಪ ಬಗ್ಗಿತು ಅಂದ್ರೆ ಆ ಹಂಚು ರಿಜೆಕ್ಟು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಲ್ಲಿ ಶುರು ಮಾಡಿದ ಕಸುಬು ಇದು, ನಮ್ಮ ಕರಾವಳಿಯ ಎಷ್ಟೋ ಹೆಂಗಸರು ಮೊದಲ ಸಂಬಳ ಕಂಡದ್ದೇ ಇದರಲ್ಲಿ. ಕಾಂಕ್ರೀಟ್ ತಾರಸಿ ಬಂತು, ಮಣ್ಣು, ಕಟ್ಟಿಗೆ ತುಟ್ಟಿ ಆಯ್ತು, ಒಂದೊಂದೇ ಮುಚ್ಚಿದ್ವು.

ಅಮ್ಮನ ಕಾರ್ಖಾನೆ ಮುಚ್ಚುವಾಗ ಗ್ರಾಚ್ಯುಟಿ ಅರ್ಧ ಜನರಿಗೆ ಸಿಗಲೇ ಇಲ್ಲ. ಮಾಲೀಕರು ಜಾಗ ಮಾರಿದ್ಮೇಲೆ ಕೊಡ್ತೇವೆ ಅಂದ್ರು, ಜಾಗ ಕೈ ಬದಲಾಯ್ತು, ಹೊಸಬರು ನಮಗೆ ಸಂಬಂಧ ಇಲ್ಲ ಅಂದ್ರು. ನಿಮ್ಮಲ್ಲೂ ಹಾಗೆ ಬಾಕಿ ಇದ್ದವರು ಇದ್ರೆ ಈಗಲೇ ಹುಡುಕಿ, ಜಾಗದ ವ್ಯವಹಾರ ಮುಗಿಯುವ ಮೊದಲು ಅವರ ಬಾಕಿ ತೀರಬೇಕು. ಪಾರ್ಕಲ್ಲಿ ಕೆಲಸ ಕೊಡುವಾಗ ಅವರ ಮನೆಯವರಿಗೆ ಮೊದಲ ಹಕ್ಕು ಅಂತ ಬರೆಸಿ.

ಚಿಮಿಣಿಯನ್ನ ಬೀಳಿಸ್ಲಿಕ್ಕೆ ಬಿಡಬೇಡಿ. ಜರ್ಮನಿಯ ಡ್ಯೂಸ್‌ಬರ್ಗಲ್ಲಿ 1985ಕ್ಕೆ ಮುಚ್ಚಿದ ಕಬ್ಬಿಣದ ಕಾರ್ಖಾನೆಯನ್ನ ಕೆಡವದೆ ಹಾಗೇ ಪಾರ್ಕ್ ಮಾಡಿದ್ದಾರೆ, ಜನ ಹಳೇ ಕುಲುಮೆಯ ಮೇಲೆ ಹತ್ತಿ ಊರು ನೋಡ್ತಾರೆ. ನಮ್ಮಲ್ಲಿ ಒಂದು ಭಟ್ಟಿ, ಒಂದು ಪ್ರೆಸ್, ನಾಲ್ಕು ಸಾಲು ಹಂಚು ಇಟ್ರೂ ಸಾಕು. ಮಕ್ಕಳು ತಾವೇ ಮಣ್ಣು ಒತ್ತಿ ಒಂದು ಹಂಚು ಮಾಡ್ಲಿ, ಅದಕ್ಕೆ ಕೋಟಿ ರೂಪಾಯಿಯ ರೈಡ್ ಬೇಡ.

ಕುಂಬಳೆ ಕಡೆಯವ:

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಮೆಂಟೆನೆನ್ಸ್ ಅಣ್ಣ, ಜಾಗ ಹೊಂಡ ಸೇರಿ ಸುಮಾರು 18 ಎಕ್ರೆ ಅಂತ ಹೇಳ್ತಾರೆ. ಹಾಗಾದ್ರೆ ರೋಲರ್ ಕೋಸ್ಟರಿನ ಮಾತೆಲ್ಲ ಬಿಡೋದೇ ಒಳ್ಳೇದು, ಸಣ್ಣ ಪಾರ್ಕು, ನೀರು ಕಮ್ಮಿ ಬೇಕಾದ ಆಟಗಳು, ಮಳೆಗಾಲಕ್ಕೂ ಆಗುವ ಹಾಗೆ ಮಾಡಿನ ಕೆಳಗೆ ಸ್ವಲ್ಪ, ಹೀಗೆ ಕೇಳಿದ್ರೆ ನಮ್ಮ ಊರಿಗೆ ಸರಿ ಹೊಂದ್ತದೆ ಅಂತ ಕಾಣ್ತದೆ. ಹಂಚಿನ ಅಕ್ಕ ಹೇಳಿದ ಬಾಕಿ ವಿಷಯ ನಂಗೆ ತಲೆಗೇ ಹೋಗಿರಲಿಲ್ಲ, ನಮ್ಮ ಬೈಲಲ್ಲೇ ಅಲ್ಲಿ ಕೆಲಸ ಮಾಡಿದ ಅಜ್ಜಿಯಂದಿರು ಇದ್ದಾರೆ, ನಾಳೆಯಿಂದಲೇ ಅವರ ಮನೆಗಳಿಗೆ ಹೋಗ್ತೇನೆ. ಒಂದು ಸಂಶಯ, ಪ್ರಾಜೆಕ್ಟಿನ ಕಾಗದ ಎಲ್ಲ ಮಲಯಾಳದಲ್ಲಿ ಬಂದ್ರೆ ನಮ್ಮ ಹಿರಿಯರಿಗೆ ಓದ್ಲಿಕ್ಕೆ ಆಗೋದಿಲ್ಲ, ಎಂತ ಮಾಡೋದು?

ಪೆರ್ಲ ಕೃಷಿಕ:

ಅದಕ್ಕೆ ಅಂಜಬೇಕಾಗಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾನೂನಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರ್ಕಾರಕ್ಕೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಸಿಗ್ಬೇಕು ಅಂತ ಉಂಟು. ನೀವು ಅರ್ಜಿ ಕನ್ನಡದಲ್ಲೇ ಬರೆಯಿರಿ, ನೀರು, ಮಣ್ಣಿನ ರಿಪೋರ್ಟ್, ಕಾರ್ಮಿಕರ ಬಾಕಿ ಎಲ್ಲ ಅದರಲ್ಲೇ ಸೇರ್ಲಿ, ಪ್ರಾಜೆಕ್ಟಿನ ಪೂರ್ತಿ ವಿವರ ಕನ್ನಡದಲ್ಲಿ ಬೇಕು ಅಂತಲೂ ಕೇಳಿ. ಸಭೆಗೆ ಒಂದು ವಾರ ಮೊದಲೇ ಪಂಚಾಯತ್ ಆಫೀಸಲ್ಲಿ ಕೊಟ್ಟು ರಶೀದಿ ತಗೊಳ್ಳಿ. ಬರೆದಾದ್ಮೇಲೆ ಇಲ್ಲಿ ಹಾಕಿ, ನಾನೂ ಒಮ್ಮೆ ಓದಿ ನೋಡ್ತೇನೆ.