ಅಡಿಟಿಪ್ಪಣಿಯ ಗುರುತು ಬದಲಿಸೋದು ಹೇಗೆ? ಪುಟ ಕಟ್ಟುವವರನ್ನು ಕೇಳಿ

ಪ್ರಶ್ನೆ: ನಮಸ್ಕಾರ ಸರ್. ಶಾಸನಗಳ ಮೇಲೆ ಮಾಡಿದ ಪಿಎಚ್‌ಡಿ ಪ್ರಬಂಧವನ್ನು ಪುಸ್ತಕ ಮಾಡುತ್ತಿದ್ದೇನೆ. ಎಲ್ಲವೂ ಕಮಾಂಡ್ ಬರೆದು ಪುಟ ಜೋಡಿಸುವ ಲೇಟೆಕ್‌ನಲ್ಲಿದೆ. ಪಿಡಿಎಫ್ ತೆಗೆಯುವುದು ಅದರದೇ ಒಂದು ರೂಪವಾದ ಝೀಲೇಟೆಕ್‌ನಿಂದ. ಅಡಿಟಿಪ್ಪಣಿಗಳಿಗೆ ಈಗ 1, 2, 3 ಅಂತ ಬರುತ್ತಿದೆ. ಪ್ರಕಾಶಕರು ಕನ್ನಡ ಅಂಕಿಯೇ ಬೇಕು ಅಂತಾರೆ. ಶಾಸನದ ಪಾಠಾಂತರಗಳಿಗೆ (ಒಂದೇ ಪದವನ್ನು ಬೇರೆ ಬೇರೆಯವರು ಓದಿದ ರೂಪಗಳಿಗೆ) ಮಾತ್ರ ಬೇರೆ ಬಗೆಯ ಗುರುತು ಬೇಕಂತೆ. ಗೆಳೆಯರೊಬ್ಬರು ಫುಟ್‌ನೋಟ್ ಕಮಾಂಡಿನ ಚೌಕ ಕಂಸದೊಳಗೆ ಕೈಯಲ್ಲೇ ಬರೆದುಬಿಡಿ ಅಂದರು. ಹಾಗೆ ಮಾಡಬಹುದಾ?

ಉತ್ತರ: ಬೇಡ. ಆ ಚೌಕ ಕಂಸ ಸಂಖ್ಯೆಯನ್ನು ಮಾತ್ರ ತೆಗೆದುಕೊಳ್ಳುತ್ತದೆ. ಕನ್ನಡ ಅಕ್ಷರ, ಚಿಹ್ನೆ ಯಾವುದೂ ನಡೆಯಲ್ಲ. ಮೇಲಾಗಿ ಹಾಗೆ ಸಂಖ್ಯೆ ಕೊಟ್ಟರೆ ಎಣಿಕೆ ಮುಂದಕ್ಕೆ ಹೋಗುವುದಿಲ್ಲ. ನಡುವೆ ಒಂದು ಟಿಪ್ಪಣಿ ಸೇರಿಸಿದರೆ ಮುಂದಿನದ್ದನ್ನೆಲ್ಲ ನೀವೇ ತಿದ್ದುತ್ತಾ ಕೂರಬೇಕು.

ಇಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಗುರುತು ಅಂಕಿಯೋ ಅಕ್ಷರವೋ ಅಂತ ಹೇಳುವುದು ದಿಫುಟ್‌ನೋಟ್. ಅದನ್ನು ಚಿಕ್ಕದು ಮಾಡಿ ಸಾಲಿನ ಮೇಲಕ್ಕೆ ಏರಿಸುವುದು ಮೇಕ್‌ಎಫ್‌ಎನ್‌ಮಾರ್ಕ್. ಪುಟದ ಕೆಳಗೆ ಟಿಪ್ಪಣಿಯನ್ನು ಕೂರಿಸುವುದು ಮೇಕ್‌ಎಫ್‌ಎನ್‌ಟೆಕ್ಸ್ಟ್. (ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳೇ ಇರಲಿ.) ಕೊನೆಯ ಎರಡರ ಹೆಸರಿನ ಮೊದಲಲ್ಲಿ ಆಟ್ ಚಿಹ್ನೆ (@) ಇದೆ. ಅವನ್ನು ಮುಟ್ಟುವ ಮುಂಚೆ ಮೇಕ್‌ಆಟ್‌ಲೆಟರ್, ಮುಗಿದ ಮೇಲೆ ಮೇಕ್‌ಆಟ್‌ಅದರ್ ಹಾಕಲೇಬೇಕು.

ಕನ್ನಡ ಅಂಕಿಗೆ ರಿನ್ಯೂಕಮಾಂಡ್‌ನಿಂದ ದಿಫುಟ್‌ನೋಟ್ ಒಂದನ್ನು ಬದಲಿಸಿದರೆ ಸಾಕು. ಇಫ್‌ಕೇಸ್ ಬಳಸಿ 0ಗೆ ೦, 1ಕ್ಕೆ ೧ ಅಂತ ಹತ್ತೂ ಅಂಕಿಗಳನ್ನು ಬರೆದುಕೊಳ್ಳಿ. ಆದರೆ ಇಡೀ ಸಂಖ್ಯೆಯನ್ನು ಅದಕ್ಕೆ ಕೊಡಬೇಡಿ. ಕೊಟ್ಟರೆ 9ರವರೆಗೆ ಸರಿ, 10ರಿಂದ ಗುರುತು ಖಾಲಿ. ಸಂಖ್ಯೆಯನ್ನು ಬಿಡಿಸಿ, ಎಡದಿಂದ ಒಂದೊಂದೇ ಅಂಕಿ ಎತ್ತಿಕೊಂಡು ಬದಲಿಸುತ್ತಾ ಹೋಗುವ ಪುಟ್ಟ ಕಮಾಂಡ್ ಬರೆಯಬೇಕು. ಸಂಖ್ಯೆಯ ಕೊನೆಗೆ ಒಂದು ರಿಲ್ಯಾಕ್ಸ್ (ಏನೂ ಮಾಡದ ಕಮಾಂಡ್) ಇಟ್ಟು, ಅದು ಸಿಕ್ಕಾಗ ನಿಲ್ಲುವ ಹಾಗೆ ಮಾಡಿ.

ಇಷ್ಟು ಹೇಳಿದ ಮೇಲೆ ಪ್ರಕಾಶಕರಿಗೆ ಒಂದು ಮಾತು ಕೇಳಿ: ಸಾಲಿನ ನಡುವಿನ ಗುರುತಿಗೂ ಕನ್ನಡ ಅಂಕಿ ಬೇಕೇಬೇಕಾ? ಪುಟಸಂಖ್ಯೆಗೆ, ಅಧ್ಯಾಯಕ್ಕೆ ಕನ್ನಡ ಅಂಕಿ ಚೆನ್ನಾಗಿ ಕಾಣುತ್ತದೆ. ಆದರೆ ಪದಕ್ಕೆ ಅಂಟಿಕೊಂಡು ಸಣ್ಣಗೆ ಕೂತಾಗ ಎರಡು ಅಂಕಿಗಳು ಕಾಟ ಕೊಡುತ್ತವೆ. ೯ ಅಂಕಿಯೂ ಅರ್ಕಾವೊತ್ತೂ ಹೆಚ್ಚುಕಡಿಮೆ ಒಂದೇ ಆಕಾರ. ೦ ಅಂತೂ ಸೊನ್ನೆಯೋ ಅನುಸ್ವಾರವೋ ಗೊತ್ತಾಗಲ್ಲ. ಒಂಬತ್ತನೇ ಟಿಪ್ಪಣಿ ‘ದಾನ’ ಎಂಬ ಪದದ ತುದಿಗೆ ಬಂದರೆ, ಅವಸರದಲ್ಲಿ ಓದುವವರು ಅದನ್ನು ‘ದಾರ್ನ’ ಅಂದುಕೊಳ್ಳಬಹುದು. ಶಾಸನದ ಪುಸ್ತಕದಲ್ಲಿ ಇದು ಸಣ್ಣ ವಿಷಯ ಅಲ್ಲ. ಹಳಗನ್ನಡದ ಪದ ಓದುಗರಿಗೆ ಹೇಗೂ ಹೊಸದು, ತಪ್ಪು ರೂಪವನ್ನೇ ಸರಿ ಅಂದುಕೊಂಡು ಮುಂದೆ ಹೋಗುತ್ತಾರೆ.

ನನ್ನನ್ನು ಕೇಳಿದರೆ ಗುರುತಿಗೆ 1, 2, 3 ಇರಲಿ. ಅವರು ಒಪ್ಪದಿದ್ದರೆ ಮೇಕ್‌ಎಫ್‌ಎನ್‌ಮಾರ್ಕ್‌ನಲ್ಲಿ ಗುರುತಿನ ಮುಂಚೆ ಕೂದಲೆಳೆಯಷ್ಟು ಜಾಗ ಬಿಡಿ. ಕರ್ನ್ ಕಮಾಂಡ್‌ಗೆ 0.1 ಎಮ್ (ಒಂದು ಎಮ್ ಅಂದರೆ ಫಾಂಟಿನ ಗಾತ್ರದಷ್ಟು ಅಗಲ) ಕೊಟ್ಟರೆ ಅಂಕಿ ಪದದಿಂದ ಬಿಡಿಸಿಕೊಂಡು ನಿಲ್ಲುತ್ತದೆ.

ಇನ್ನು ಪಾಠಾಂತರ. ಹಲ್ಮಿಡಿ ಶಾಸನದಲ್ಲಿ 16 ಸಾಲುಗಳಿವೆ. ಪಾಠದೊಳಗೆ ಸಾಲಿನ ಸಂಖ್ಯೆಯನ್ನೂ ಹಾಕಿದ್ದರೆ, ಟಿಪ್ಪಣಿಗೂ ಅಂಕಿ ಕೊಟ್ಟರೆ ಯಾವುದು ಯಾವುದು ಅಂತ ತಿಳಿಯಲ್ಲ, ಅಲ್ವಾ? ಅಲ್ಲಿ ಅಕ್ಷರವೇ ಸರಿ. ಆದರೆ ಕ, ಖ, ಗ ಬೇಡ, ಅವು ಪದದ ಮುಂದಿನ ಅಕ್ಷರದಂತೆ ಕಾಣುತ್ತವೆ. ಅ, ಆ, ಇ, ಈ ಹಾಕಿ. ಬಿಡಿ ಸ್ವರ ಪದದ ಕೊನೆಗೆ ಬರುವುದು ತೀರಾ ಕಡಿಮೆ, ಹಾಗಾಗಿ ಕಣ್ಣಿಗೆ ಬೇರೆಯಾಗಿಯೇ ಬೀಳುತ್ತದೆ. ಋ ಬಿಟ್ಟರೆ ಔವರೆಗೆ 12 ಸಿಗುತ್ತವೆ.

ಇದಕ್ಕೆ ಮೆನಿಫುಟ್ ಪ್ಯಾಕೇಜ್ ಇದೆ. ಡಿಕ್ಲೇರ್‌ನ್ಯೂಫುಟ್‌ನೋಟ್‌ಗೆ ‘ಎ’ ಅಂತ ಹೆಸರು ಕೊಟ್ಟರೆ ಫುಟ್‌ನೋಟ್‌ಎ ಎಂಬ ಹೊಸ ಕಮಾಂಡ್ ಹುಟ್ಟುತ್ತದೆ. ಅದರ ಎಣಿಕೆ ಬೇರೆ, ಪುಟದ ಕೆಳಗೆ ಜಾಗವೂ ಬೇರೆ. ದಿಫುಟ್‌ನೋಟ್‌ಎಯನ್ನು ಇಫ್‌ಕೇಸ್‌ನಿಂದ ಸ್ವರಗಳಿಗೆ ತಿರುಗಿಸಿ. 12 ದಾಟದಿರಲು ಪ್ರತಿ ಶಾಸನಕ್ಕೂ ಎಣಿಕೆ ಮೊದಲಿನಿಂದ ಶುರುವಾಗಬೇಕು. ಒಂದೊಂದು ಶಾಸನವೂ ಒಂದೊಂದು ಸೆಕ್ಷನ್ ಆಗಿದ್ದರೆ, ನಕ್ಷತ್ರ ಸೇರಿಸಿದ ಕೌಂಟರ್‌ವಿದಿನ್ ಕಮಾಂಡ್ ಅದನ್ನು ನೋಡಿಕೊಳ್ಳುತ್ತದೆ. ಅಂಕಿಯ ಟಿಪ್ಪಣಿಗಳಿಗೆ ಈ ಚಿಂತೆ ಇಲ್ಲ. ಬುಕ್ ಕ್ಲಾಸ್ ಆದರೆ ಪ್ರತಿ ಅಧ್ಯಾಯಕ್ಕೂ ತಾನೇ 1ರಿಂದ ಆರಂಭಿಸುತ್ತದೆ.

ಕೇಳಿದವರು ಮತ್ತೆ: ತುಂಬಾ ಧನ್ಯವಾದ ಸರ್. ಪ್ರಕಾಶಕರು ಒಪ್ಪಲಿಲ್ಲ, ಕನ್ನಡ ಅಂಕಿಯೇ ಅಂತೆ. ನೀವು ಹೇಳಿದ ಹಾಗೇ ಮಾಡಿದೆ. ಈಗ ಗುರುತೇ ಕಾಣುತ್ತಿಲ್ಲ! ಟಿಪ್ಪಣಿ ಕೆಳಗೆ ಬರುತ್ತಿದೆ, ಅಂಕಿ ಇರಬೇಕಾದ ಕಡೆ ಖಾಲಿ.

ಉತ್ತರ: ನಿಮ್ಮ ಫೈಲಿನಲ್ಲಿ ಮುಖ್ಯ ಫಾಂಟ್ ಇಂಗ್ಲಿಷಿನದು, ಕನ್ನಡಕ್ಕೆ ಬೇರೆ ಫಾಂಟ್ ಕುಟುಂಬ ಮಾಡಿಕೊಂಡಿದ್ದೀರಿ ಅಂತ ಕಾಣುತ್ತದೆ. ಮೇಕ್‌ಎಫ್‌ಎನ್‌ಮಾರ್ಕ್ ಒಳಗೆ ನಾರ್ಮಲ್‌ಫಾಂಟ್ ಅಂತ ಒಂದು ಮಾತಿದೆ. ಗುರುತು ಹಾಕುವ ಹೊತ್ತಿಗೆ ಅದು ಮುಖ್ಯ ಫಾಂಟಿಗೆ ಮರಳುತ್ತದೆ. ಆ ಫಾಂಟಿನಲ್ಲಿ ೧ ಇಲ್ಲ. ಲಾಗ್ ಫೈಲ್ (ಓಡಿಸಿದಾಗ ನಡೆದದ್ದನ್ನು ಬರೆದಿಡುವ ಫೈಲ್) ತೆರೆದು ‘ಮಿಸ್ಸಿಂಗ್ ಕ್ಯಾರೆಕ್ಟರ್’ ಅಂತ ಹುಡುಕಿ, ಸಾಲು ಸಾಲಾಗಿ ಸಿಗುತ್ತದೆ. ಇದನ್ನು ಎರರ್ ಅಂತ ತೋರಿಸಿ ನಿಲ್ಲಿಸುವುದಿಲ್ಲ, ಸುಮ್ನೆ ಲಾಗ್‌ನಲ್ಲಿ ಬರೆದಿಟ್ಟು ಮುಂದೆ ಹೋಗುತ್ತದೆ. ಅದಕ್ಕೇ ಜಾಸ್ತಿ ಜನಕ್ಕೆ ಗೊತ್ತಾಗಲ್ಲ.

ಇಡೀ ಪುಸ್ತಕ ಕನ್ನಡದ್ದು ತಾನೇ? ಸೆಟ್‌ಮೇನ್‌ಫಾಂಟ್‌ಗೆ ಕನ್ನಡ ಫಾಂಟನ್ನೇ ಕೊಡಿ, ಜೊತೆಗೆ ಸ್ಕ್ರಿಪ್ಟ್ ಕನ್ನಡ ಅಂತ ಹೇಳಿ. ಅದು ಆಗಲ್ಲ ಅಂದರೆ ನಾರ್ಮಲ್‌ಫಾಂಟ್ ಆದ ಕೂಡಲೇ ನಿಮ್ಮ ಕನ್ನಡ ಫಾಂಟಿನ ಕಮಾಂಡ್ ಸೇರಿಸಿ.

ಇನ್ನೊಬ್ಬರು: ಇದೇ ವಿಷಯ ಸರ್. ನಾನು ಅಂಕಿಯ ಬದಲು ನಕ್ಷತ್ರ, ಕಠಾರಿ ಚಿಹ್ನೆ ಬರಲಿ ಅಂತ ಎಫ್‌ಎನ್‌ಸಿಂಬಲ್ ಹಾಕಿದೆ. ಸ್ವಲ್ಪ ಹೊತ್ತು ಚೆನ್ನಾಗಿ ನಡೆದು ‘ಕೌಂಟರ್ ಟೂ ಲಾರ್ಜ್’ ಅಂತ ನಿಂತುಹೋಯಿತು.

ಉತ್ತರ: ಆ ಪಟ್ಟಿಯಲ್ಲಿ ಇರುವುದೇ ಒಂಬತ್ತು: *, †, ‡, §, ¶, ‖, **, ††, ‡‡. ಹತ್ತನೆಯದು ಕೇಳಿದರೆ ಎರರ್ ಕೊಡುತ್ತದೆ. ಫುಟ್‌ಮಿಸ್ಕ್ ಪ್ಯಾಕೇಜಿಗೆ ಪರ್‌ಪೇಜ್ ಆಯ್ಕೆ ಕೊಡಿ. ಪ್ರತಿ ಪುಟದಲ್ಲೂ ನಕ್ಷತ್ರದಿಂದ ಶುರುವಾಗುತ್ತದೆ. ಫೈಲನ್ನು ಎರಡು ಸಲ ಓಡಿಸಬೇಕು, ಮೊದಲ ಸಲ ಯಾವ ಟಿಪ್ಪಣಿ ಯಾವ ಪುಟಕ್ಕೆ ಬಂತು ಅಂತ ಅದಕ್ಕೆ ತಿಳಿದಿರಲ್ಲ. ಪುಟಕ್ಕೆ ಒಂದೆರಡು ಟಿಪ್ಪಣಿ ಇರುವ ಪುಸ್ತಕಕ್ಕೆ ಮಾತ್ರ ಇದು ಚೆಂದ. ನಿಮ್ಮದು ಭಾಷಾವಿಜ್ಞಾನದ ಪುಸ್ತಕವಾದರೆ ನಕ್ಷತ್ರ ಬೇಡವೇ ಬೇಡ. ಅಲ್ಲಿ ಮೂಲದ್ರಾವಿಡದ ಊಹಿತ ರೂಪಗಳ ಮುಂಚೆ ಅದೇ ಚಿಹ್ನೆ ಬರುತ್ತದೆ.

ಮತ್ತೊಬ್ಬರು: ನಮಗೆ ಲೇಟೆಕ್ ಗೊತ್ತಿಲ್ಲ. ವರ್ಡ್‌ನಲ್ಲಿ ಇದೆಲ್ಲ ಆಗುತ್ತಾ?

ಉತ್ತರ: ಸ್ವಲ್ಪ ಆಗುತ್ತದೆ. ರೆಫರೆನ್ಸಸ್ ಪಟ್ಟಿಯಲ್ಲಿ ಫುಟ್‌ನೋಟ್ ಗುಂಪಿನ ಮೂಲೆಯ ಸಣ್ಣ ಬಾಣ ಒತ್ತಿ. ಅಂಕಿ, ಅಕ್ಷರ, ಚಿಹ್ನೆ ಆರಿಸಬಹುದು. ಪುಟಕ್ಕೊಮ್ಮೆ ಎಣಿಕೆ ಶುರು ಮಾಡುವ ಆಯ್ಕೆಯೂ ಅಲ್ಲೇ ಇದೆ. ಗುರುತಿನ ಗಾತ್ರ, ಫಾಂಟ್ ಬದಲಿಸಲು ಫುಟ್‌ನೋಟ್ ರೆಫರೆನ್ಸ್ ಎಂಬ ಸ್ಟೈಲನ್ನು ತಿದ್ದಿ, ಒಂದೊಂದೇ ಗುರುತು ಹಿಡಿದು ತಿದ್ದಬೇಡಿ. ಕಸ್ಟಮ್ ಮಾರ್ಕ್‌ನಿಂದ ದೂರವಿರಿ, ಅದು ಎಣಿಕೆಗೆ ಸೇರುವುದಿಲ್ಲ.

ಕೇಳಿದವರು: ಫಾಂಟ್ ಬದಲಿಸಿದೆ, ಅಂಕಿಗಳು ಬಂದವು ಸರ್! ಕೊನೆಯದು: ಪುಟದ ಕೆಳಗಿನ ಅಂಕಿ ಮೇಲಕ್ಕೆ ಏರದೆ, ದೊಡ್ಡದಾಗಿ, ಪಕ್ಕದಲ್ಲೊಂದು ಚುಕ್ಕಿ ಇಟ್ಟುಕೊಂಡು ಬರಬೇಕು.

ಉತ್ತರ: ಅದು ಮೇಕ್‌ಎಫ್‌ಎನ್‌ಟೆಕ್ಸ್ಟ್‌ನ ಕೆಲಸ. ಅದರೊಳಗೆ ಮೇಕ್‌ಎಫ್‌ಎನ್‌ಮಾರ್ಕ್ ಇರುವ ಕಡೆ ದಿಎಫ್‌ಎನ್‌ಮಾರ್ಕ್ ಅಂತ ಬರೆದು ಚುಕ್ಕಿ ಹಾಕಿ. ಈ ಹೆಸರಿನ ಮೊದಲೂ ಆಟ್ ಚಿಹ್ನೆ ಇದೆ. ಅಂಕಿಗೆ ಅಲ್ಲಿ 1.8 ಎಮ್ ಅಗಲದ ಜಾಗ ಕೊಟ್ಟಿರುತ್ತಾರೆ. ೧೦೦ ದಾಟುವ ಅಧ್ಯಾಯವಿದ್ದರೆ ಅದನ್ನು 2.5ಕ್ಕೆ ಏರಿಸಿ, ಇಲ್ಲದಿದ್ದರೆ ಅಂಕಿ ಎಡಗಡೆ ಅಂಚಿನಿಂದ ಹೊರಗೆ ಚಾಚಿಕೊಳ್ಳುತ್ತದೆ.