ಅಂಟುವಾಳ ಕೇಳಿದ ಮಗಳಿಗೆ

ಮಗಳೇ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಮೊಬೈಲ್ ಗುಂಪಿನಲ್ಲಿ ಹಾಕಿದ ಫೋಟೊ ನೋಡಿದೆ. ಪಾತ್ರೆ ಉಜ್ಜಲು ತೆಂಗಿನ ನಾರಿನ ಮೂರು ಉಂಡೆ, ಬೆಂಗಳೂರಿನಲ್ಲಿ ಮನೆ ಬಾಗಿಲಿಗೆ ತರಿಸಿಕೊಂಡದ್ದಕ್ಕೆ 180 ರೂಪಾಯಿ. ಅದರ ಕೆಳಗೆ ನಿನ್ನ ಪ್ರಶ್ನೆ: "ಅತ್ತೆ, ನೊರೆ ಬರುವ ಅಂಟುವಾಳದ ಕಾಯಿ, ಬಟ್ಟೆಯ ನೀಲಿ, ಬಾರ್ ಸೋಪು ಇವೆಲ್ಲ ಊರಿನ ಅಂಗಡಿಯಲ್ಲಿ ಈಗಲೂ ಸಿಗುತ್ತವೆಯೇ? ಅಜ್ಜಿಯ ಹಾಗೆ ಮನೆ ನಡೆಸಬೇಕೆಂದು ಆಸೆಯಾಗಿದೆ." ಅದಕ್ಕೆ ನಿನ್ನ ಚಿಕ್ಕಪ್ಪ, "ಅಜ್ಜಿಯದ್ದು ಜಿಪುಣತನ, ಈ ಕಾಲಕ್ಕೆ ಅದು ಬೇಡ" ಎಂದು ಬರೆದಿದ್ದಾನೆ. ನಾಲ್ಕು ಅಕ್ಷರ ಒತ್ತಿ ಮುಗಿಸುವ ಸಂಗತಿ ಇದಲ್ಲ. ಮಾತಿನಲ್ಲಿಯೇ ಹೇಳಿ ಕಳುಹಿಸುತ್ತೇನೆ. ಉದ್ದವಾಗುತ್ತದೆ, ಎಲ್ಲರೂ ಸಮಾಧಾನದಿಂದ ಕೇಳಿ.

ಮೊದಲು ತಮ್ಮನಿಗೊಂದು ಮಾತು. ಅಮ್ಮನದ್ದು ಜಿಪುಣತನ ಅಲ್ಲ ಮಾರಾಯ. ಕಾಸರಗೋಡು ಕಡೆಯ ಬಾಯಾರಿನ ಆ ಹಳೆ ಮನೆಯ ಜಗಲಿಯಲ್ಲಿ ಬಂದು ಕುಳಿತವರನ್ನು ಅವಳು ಬೆಲ್ಲ ನೀರು ಕೊಡದೆ ಕಳುಹಿಸಿದ್ದಿಲ್ಲ. ಹೊತ್ತು ಮೀರಿ ಬಂದವರಿಗೂ ಒಲೆ ಮತ್ತೆ ಹೊತ್ತಿಸಿ ಬಡಿಸಿದ್ದಾಳೆ. ಹಲಸಿನ ಹಪ್ಪಳವನ್ನು ಎಣಿಸಿ ಕೊಟ್ಟವಳಲ್ಲ. ನೀನು ಶಾಲೆಯಿಂದ ಕರೆದುಕೊಂಡು ಬರುತ್ತಿದ್ದ ಗೆಳೆಯರೆಲ್ಲ ಅವಳ ಕೈಯ ದೋಸೆ ತಿಂದೇ ದೊಡ್ಡವರಾದರು. ಅಂಥವಳನ್ನು ಜಿಪುಣೆ ಎಂದರೆ ನನಗೆ ನೋವಾಗುತ್ತದೆ. ಒಂದು ವಸ್ತು ಪೂರ್ತಿ ಸವೆಯುವ ಮೊದಲು ಅದನ್ನು ಬಿಸಾಡುವುದು ಮಾತ್ರ ಅವಳಿಂದ ಆಗುತ್ತಿರಲಿಲ್ಲ.

ಸೋಪು ನಿನಗೂ ನೆನಪಿರಬೇಕು. ಅಪ್ಪ ಉಪ್ಪಳ ಪೇಟೆಯಿಂದ 501 ಬಾರ್ ಸೋಪು ತರುತ್ತಿದ್ದರು. ಅಮ್ಮ ಹೊಲಿಗೆಯ ನೂಲಿನ ಎರಡು ತುದಿಯನ್ನು ಎರಡು ಕೈಯ ಬೆರಳಿಗೆ ಸುತ್ತಿಕೊಂಡು, ಬಾರಿನ ಅಡಿಯಿಂದ ದಾಟಿಸಿ, ಮೇಲೆ ಅಡ್ಡ ಹಾಯಿಸಿ ಎಳೆಯುತ್ತಿದ್ದಳು. ಬೆಣ್ಣೆ ಕೊಯ್ದ ಹಾಗೆ ತುಂಡಾಗುತ್ತಿತ್ತು. ಕತ್ತಿ ಹಾಕಿದರೆ ಅಂಚು ಪುಡಿಯಾಗುತ್ತದೆ, ಆ ಪುಡಿಯಷ್ಟೂ ನಷ್ಟ ಎನ್ನುತ್ತಿದ್ದಳು. ತುಂಡುಗಳನ್ನು ಆ ದಿನವೇ ಬಳಸಲು ಬಿಡುತ್ತಿರಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಹಾಳೆಯ ಮೇಲೆ ಒಂದಕ್ಕೊಂದು ತಾಗದಂತೆ ಜೋಡಿಸಿಡುತ್ತಿದ್ದಳು. ಹಸಿ ಸೋಪು ನೀರು ಮುಟ್ಟಿದ ಕೂಡಲೇ ಕರಗಿ ಹೋಗುತ್ತದೆ, ಒಣಗಿ ಗಟ್ಟಿಯಾದದ್ದು ತುಂಬಾ ದಿನ ಬಾಳುತ್ತದೆ. ಕೊನೆಗೆ ಎಲೆಯಷ್ಟು ತೆಳ್ಳಗಾದ ಚೂರನ್ನು ಹೊಸ ತುಂಡಿನ ಬೆನ್ನಿಗೆ ಒತ್ತಿ ಅಂಟಿಸಿದರೆ ಮರುದಿನಕ್ಕೆ ಎರಡೂ ಒಂದೇ. ನಾನು ಈಗಲೂ ಹಾಗೆಯೇ ಮಾಡುತ್ತೇನೆ. ಆ ಸೋಪಿನ ಬಗ್ಗೆ ಅಪ್ಪನಿಗೊಂದು ಅಭಿಮಾನವೂ ಇತ್ತು. ಎರ್ನಾಕುಳದಲ್ಲಿ ಕೊಬ್ಬರಿ ಎಣ್ಣೆಯ ಕೆಲಸಕ್ಕೆಂದು 1917ರಲ್ಲಿ ಹುಟ್ಟಿದ ಟಾಟಾ ಆಯಿಲ್ ಮಿಲ್ಸ್ ಕಂಪನಿಯದ್ದು ಅದು. ನಮ್ಮ ಕಡೆಯ ತೆಂಗೇ ಸೋಪಾಗಿ ತಿರುಗಿ ಮನೆಗೆ ಬಂತು ಎಂದು ಹೇಳುತ್ತಿದ್ದರು. 1993ರಲ್ಲಿ ಆ ಕಂಪನಿ ಹಿಂದೂಸ್ತಾನ್ ಲಿವರ್ ಜೊತೆ ಸೇರಿತು. ಪೆರ್ಲದಲ್ಲಿ ನಾನು ಸಾಮಾನು ತರುವ ಅಂಗಡಿಯಲ್ಲಿ ಈಗ ಬಾರ್ ಸೋಪು ಕೇಳಿದರೆ ಪುಡಿಯ ಪ್ಯಾಕೆಟ್ ತೋರಿಸುತ್ತಾರೆ.

ಈಗ ನಿನ್ನ ಪ್ರಶ್ನೆ ಮಗಳೇ. ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಕೇಳಿದೆ. ಅಮ್ಮ ಬಳಸುತ್ತಿದ್ದದ್ದರಲ್ಲಿ ಮುಕ್ಕಾಲು ಪಾಲು ಅಂಗಡಿಯಲ್ಲಿ ಎಂದೂ ಇರಲಿಲ್ಲ. ಒಂದು ಕೆಲಸ ಮುಗಿದಾಗ ಉಳಿದದ್ದು ಇನ್ನೊಂದು ಕೆಲಸಕ್ಕೆ ಸಾಮಾನು. ತೆಂಗಿನಕಾಯಿ ಸುಲಿದ ಸಿಪ್ಪೆ ಬಚ್ಚಲಿನ ಹಂಡೆಯ ಒಲೆಗೆ. ಅದರಲ್ಲೇ ಒಳ್ಳೆಯ ಸಿಪ್ಪೆ ಆರಿಸಿ, ಕಲ್ಲಿನ ಮೇಲೆ ಜಜ್ಜಿ, ಪುಡಿ ಕೊಡವಿ, ನಾರು ಸುತ್ತಿದರೆ ಪಾತ್ರೆ ತೊಳೆಯುವ ಉಂಡೆ. ನೀನು 180 ಕೊಟ್ಟದ್ದು ಅದಕ್ಕೆ. ಗೆರಟೆಗೆ, ಎಂದರೆ ತೆಂಗಿನ ಚಿಪ್ಪಿಗೆ, ಬಿದಿರಿನ ಹಿಡಿ ಸಿಕ್ಕಿಸಿದರೆ ಸೌಟು. ಒಲೆಯಲ್ಲಿ ಉಳಿದ ಬೂದಿಯನ್ನು ಜರಡಿ ಹಿಡಿದು ಇನ್ನೊಂದು ಗೆರಟೆಯಲ್ಲಿ ತುಂಬಿ ಬಾವಿಕಟ್ಟೆಯ ಬದಿಯಲ್ಲಿಡುತ್ತಿದ್ದಳು. ಅದೇ ಪಾತ್ರೆಗೆ, ಅದೇ ಕಾಲುದೀಪಕ್ಕೆ, ಅದೇ ಬಸಳೆಯ ಬುಡಕ್ಕೆ. ಸೌತೆಯ ಬೀಜವನ್ನು ಬೂದಿಯಲ್ಲಿ ಕಲಸಿ ಗೋಡೆಗೆ ಹೊಡೆದು ಅಂಟಿಸಿಡುತ್ತಿದ್ದಳು, ಮುಂದಿನ ವರ್ಷ ಬಿತ್ತುವವರೆಗೆ ಅದಕ್ಕೆ ಹುಳ ಬರುತ್ತಿರಲಿಲ್ಲ. ಸೌತೆಕಾಯಿಗಳೋ, ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಪಕ್ಕಾಸಿಗೆ ಸಾಲಾಗಿ ನೇತುಹಾಕಿದರೆ ಮಳೆಗಾಲ ಮುಗಿಯುವವರೆಗೆ ಸಾಂಬಾರಿಗೆ ಚಿಂತೆ ಇಲ್ಲ.

ನನ್ನ ಮದುವೆಯಾಗಿ ಮೂರನೇ ವರ್ಷ ನಮ್ಮಲ್ಲಿಗೆ ಗ್ಯಾಸ್ ಬಂತು. ಆಗ ನನಗೆ ಗೊತ್ತಾಗಲಿಲ್ಲ, ಈಗ ಹಿಂದಿರುಗಿ ನೋಡಿದರೆ ಎಲ್ಲವೂ ಶುರುವಾದದ್ದು ಅಲ್ಲಿಂದ. ಒಲೆ ಆರಿತು, ಬೂದಿ ನಿಂತಿತು. ಬೂದಿ ಇಲ್ಲವೆಂದು ಪಾತ್ರೆಗೆ ಪುಡಿ ತಂದೆವು. ಪುಡಿಯ ನೀರನ್ನು ಬಸಳೆಗೆ ಬಿಡಲು ಮನಸ್ಸಾಗದೆ ಅದಕ್ಕೊಂದು ಗುಂಡಿ ತೋಡಿದೆವು. ಬಸಳೆಗೆ ಬೇರೆ ನೀರು ಹೊತ್ತೆವು. ಅನ್ನ ಕುಕ್ಕರಿಗೆ ಹೋಯಿತು. ಕುಚ್ಚಿಲಕ್ಕಿಯನ್ನು ಚೆರಿಗೆಯಲ್ಲಿ ಬೇಯಿಸಿ ಬಾಗಿಸಿದರೆ ಬರುತ್ತಿದ್ದ ತೆಳಿ ಇಲ್ಲದಾಯಿತು. ಆ ತೆಳಿಯಲ್ಲೇ ಅಪ್ಪನ ಪಂಚೆಗೆ ಗಂಜಿ ಹಾಕುತ್ತಿದ್ದದ್ದು. ಪುಟ್ಟ ಬಟ್ಟೆಯಲ್ಲಿ ನೀಲಿ ಗಂಟು ಕಟ್ಟಿ ನೀರಿನಲ್ಲಿ ಎರಡು ಸುತ್ತು ಆಡಿಸಿ, ಅದಕ್ಕೆ ತೆಳಿ ಬೆರೆಸಿ ಅದ್ದಿ ಒಣಗಿಸಿದರೆ ಆ ಪಂಚೆ ಕಾಗದದ ಹಾಗೆ ನಿಲ್ಲುತ್ತಿತ್ತು. ಮಿಕ್ಕ ತೆಳಿಯನ್ನು ಅಕ್ಕಿ ತೊಳೆದ ಅಕ್ಕಚ್ಚಿಗೆ ಸೇರಿಸಿದರೆ ಹಸುವಿಗೆ. ಈಗ ಹಸುವೂ ಇಲ್ಲ. ಒಂದು ಎಳೆ ಬಿಚ್ಚಿದ್ದೇ ಚಾಪೆ ಪೂರ್ತಿ ಬಿಚ್ಚಿಕೊಂಡಿತು. ನೀನು ಆ ಚಾಪೆಯ ಒಂದು ಹುಲ್ಲನ್ನು ಅಂಗಡಿಯಿಂದ ತರಿಸಿಕೊಂಡಿದ್ದಿ ಮಗಳೇ. ತಪ್ಪು ಎನ್ನುತ್ತಿಲ್ಲ.

ಸ್ವಲ್ಪ ನಿಲ್ಲಿ, ಗೇಟಿನಲ್ಲಿ ಯಾರೋ ಕರೆಯುತ್ತಿದ್ದಾರೆ.

ಹಾಂ, ಬಂದೆ. ಪಂಚಾಯತಿನ ಹರಿತ ಕರ್ಮಸೇನೆಯವರು. ತಿಂಗಳಿಗೊಮ್ಮೆ ಇಬ್ಬರು ಹೆಂಗಸರು ಬಂದು, ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಹಿಡಿದು, ನಾವು ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ ಒಯ್ಯುತ್ತಾರೆ. 50 ರೂಪಾಯಿ ಕೊಟ್ಟೆ. ಬಿಸಿಲಲ್ಲಿ ಗುಡ್ಡ ಹತ್ತಿ ಬಂದಿದ್ದರು, ಮಜ್ಜಿಗೆಯನ್ನೂ ಕೊಟ್ಟೆ. ಕೊಡುವಾಗ ಚೀಲದೊಳಗೆ ಏನೇನಿದೆ ಎಂದು ಇವತ್ತು ಬೇಕೆಂದೇ ನೋಡಿದೆ. ಸೋಪಿನ ಪುಡಿಯ ಎರಡು ಪ್ಯಾಕೆಟ್, ಶಾಂಪೂವಿನ ಸಣ್ಣ ಪೊಟ್ಟಣಗಳ ಒಂದು ಮಾಲೆ, ಪಾತ್ರೆ ತೊಳೆಯುವ ದ್ರವದ ಬಾಟಲಿ, ನೆಲ ಒರೆಸುವ ದ್ರವದ ಬಾಟಲಿ, ಸವೆದ ಹಸಿರು ಉಜ್ಜು, ಹಲ್ಲು ಕಿತ್ತ ಪ್ಲಾಸ್ಟಿಕ್ ಬ್ರಷ್. ಅದರಲ್ಲಿ ತಿನ್ನುವ ವಸ್ತುವಿನ ಕವರು ಎರಡೋ ಮೂರೋ. ಉಳಿದದ್ದೆಲ್ಲ ಮನೆಯನ್ನು ಶುಚಿಯಾಗಿಡಲೆಂದು ತಂದದ್ದು! ತರುವಾಗ ಒಮ್ಮೆ ದುಡ್ಡು, ಹೊರಗೆ ಹಾಕಲು ಇನ್ನೊಮ್ಮೆ ದುಡ್ಡು. ಬಾಯಾರಿನ ಮನೆಗೆ ಈ ಹೆಂಗಸರು ಬಂದಿದ್ದರೆ ಅವರ ಚೀಲಕ್ಕೆ ಹಾಕಲು ಅಮ್ಮನ ಹತ್ತಿರ ಒಂದು ವಸ್ತುವೂ ಇರುತ್ತಿರಲಿಲ್ಲ. ತಮ್ಮಾ, ಲೆಕ್ಕ ಹಾಕಿ ನೀನೇ ಹೇಳು.

ಆದರೆ ಎಲ್ಲವೂ ಚೆನ್ನಾಗಿತ್ತು ಎಂದು ಹೇಳಿದರೆ ಅಮ್ಮನಿಗೆ ಅನ್ಯಾಯ ಮಾಡಿದ ಹಾಗೆ. ಅವಳ ಅಂಗೈ ನಾನು ನೋಡಿದ್ದೇನೆ. ಚಳಿಗಾಲದಲ್ಲಿ ಬೂದಿ, ತಣ್ಣೀರು, ನಾರು ಸೇರಿ ಬೆರಳಿನ ಗೆಣ್ಣುಗಳಲ್ಲಿ ಸೀಳು ಬಿಟ್ಟು ರಕ್ತ ಬರುತ್ತಿತ್ತು. ರಾತ್ರಿ ತೆಂಗಿನೆಣ್ಣೆಯನ್ನು ಬಿಸಿ ಮಾಡಿ ಸವರಿಕೊಂಡು, ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದಳು. ಮಳೆಗಾಲದಲ್ಲಿ ಹಸಿ ಸೋಗೆ ಹೊತ್ತದೆ ಹೊಗೆಯಲ್ಲಿ ಕಣ್ಣೊರೆಸುತ್ತಾ ಊದುತ್ತಿದ್ದವಳು ಕೊನೆಗಾಲದಲ್ಲಿ ಎಷ್ಟು ಕೆಮ್ಮಿದಳು ಎಂಬುದು ಅಣ್ಣನಿಗೆ ಗೊತ್ತು, ಅತ್ತಿಗೆಗೂ ಗೊತ್ತು. ಆ ಒಲೆ ನನಗೆ ಬೇಡ. ಗ್ಯಾಸ್ ಬಂದ ದಿನ ನಾನು ದೇವರಿಗೆ ದೀಪ ಹಚ್ಚಿದ್ದೇನೆ.

ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ನಮ್ಮ ಮನೆಯ ಹೆಡಿಗೆ, ಗೆರಸೆ, ಕುಕ್ಕೆ, ಹೀಗೆ ಬುಟ್ಟಿ ಮೊರ ಎಲ್ಲ ಕೊರಗ ಸಮುದಾಯದವರು ಹೆಣೆದು ತಂದದ್ದು. ಕಾಡಿಗೆ ಹೋಗಿ ಬಳ್ಳಿ ಎಳೆದು, ಹೊತ್ತು ತಂದು, ಸೀಳಿ, ಹೆರೆದು, ಎರಡು ದಿನ ಕುಳಿತು ಹೆಣೆದ ಹೆಡಿಗೆಗೆ ನಮ್ಮ ಮನೆಯಲ್ಲಿ ಕೊಡುತ್ತಿದ್ದದ್ದು ನಾಲ್ಕು ಕುಡ್ತೆ ಅಕ್ಕಿ, ಅದೂ ಅಂಗಳದಲ್ಲಿ ದೂರ ನಿಲ್ಲಿಸಿ. ಗೊಬ್ಬರ ಹೊತ್ತು, ಅಡಿಕೆ ಹೊತ್ತು ಆ ಹೆಡಿಗೆ ವರ್ಷಗಟ್ಟಲೆ ಬಂತು. ನಮ್ಮ ಉಳಿತಾಯದಲ್ಲಿ ಅವರ ಹಸಿವೂ ಸೇರಿತ್ತು. ಈಗ ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಹೆಡಿಗೆ ತರುವವರು ಕಡಿಮೆಯಾಗಿದ್ದಾರೆ, ಹಾಗಾದದ್ದು ಒಳ್ಳೆಯದೇ. ಕಳೆದ ವರ್ಷ ಒಬ್ಬ ಅಜ್ಜಿ ತಂದಾಗ ಅವರು ಹೇಳಿದ ಕ್ರಯ ಕೊಟ್ಟು, ಜಗಲಿಯಲ್ಲಿ ಕುಳ್ಳಿರಿಸಿ ಊಟ ಬಡಿಸಿದೆ. ನಿಮ್ಮಲ್ಲಿ ಯಾರಿಗಾದರೂ ಅಂಥದ್ದು ಬೇಕಾದರೆ ಚರ್ಚೆ ಮಾಡದೆ ಕೇಳಿದಷ್ಟು ಕೊಡಿ.

ಅಂಟುವಾಳಕ್ಕೆ ಬರುತ್ತೇನೆ. ಹಳೆ ಮನೆಯ ಹಿಂದಿನ ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಅದರ ಕಪ್ಪು ಬೀಜದಲ್ಲಿ ನಾವೆಲ್ಲ ಗೋಲಿ ಆಡಿದವರು. ಇಲ್ಲಿ ನಮ್ಮ ನೆರೆಮನೆಯ ಗುಡ್ಡದಲ್ಲಿ ಇನ್ನೂ ಒಂದು ಇದೆ. ಅವರಿಗೆ ಬೇಡ, ಬಿದ್ದದ್ದನ್ನು ಹೆಕ್ಕಿಕೊಳ್ಳಿ ಎಂದಿದ್ದಾರೆ. ಈ ಸಲ ಎರಡು ಸೇರಿನಷ್ಟು ಒಣಗಿಸಿಟ್ಟಿದ್ದೇನೆ. ಹತ್ತು ಹನ್ನೆರಡು ಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಹಾಕು. ಬೆಳಿಗ್ಗೆ ಕೈಯಲ್ಲಿ ಹಿಚುಕು. ಮೊದಲು ಜಿಗುಟು ಜಿಗುಟಾಗಿ ಕಂದು ಬಣ್ಣ ಬಿಡುತ್ತದೆ, ಆಮೇಲೆ ನೊರೆ ಏಳುತ್ತದೆ, ಹುಳಿ ಹುಳಿ ವಾಸನೆ. ಬಟ್ಟೆಯಲ್ಲಿ ಸೋಸಿಕೋ. ನಿಮ್ಮಲ್ಲಿ ಬೋರ್‌ವೆಲ್ಲಿನ ಗಡಸು ನೀರು, ಸೋಪು ನೊರೆಗಟ್ಟದೆ ಬಿಳಿ ಬಿಳಿಯಾಗಿ ಒಡೆಯುತ್ತದೆ ಎಂದು ಹೇಳುತ್ತಿದ್ದಿಯಲ್ಲ, ಅಂಥ ನೀರಿನಲ್ಲೂ ಅಂಟುವಾಳಕ್ಕೆ ನೊರೆ ಬರುತ್ತದೆ. ಅಜ್ಜಿಯ ರೇಷ್ಮೆ ಸೀರೆ ನಿನ್ನ ಹತ್ತಿರ ಇದೆ, ಅದನ್ನು ಇದರಲ್ಲಿಯೇ ಅದ್ದಿ ತೆಗೆ, ಹಿಂಡಬೇಡ, ನೆರಳಿನಲ್ಲಿ ಹರವು. ಚಿನ್ನದ ಸರವನ್ನೂ ತೊಳೆಯಬಹುದು. ಬಿಳಿ ಬಟ್ಟೆಗೆ ಬೇಡ, ಮಂಕಾಗುತ್ತದೆ. ಕಣ್ಣಿಗೆ ಬಿದ್ದರೆ ವಿಪರೀತ ಉರಿ, ಮಗುವನ್ನು ಹತ್ತಿರ ಬಿಡಬೇಡ. ನೀರು ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಹುಳಿಯುತ್ತದೆ. ಬೇಕಾದಷ್ಟೇ ಮಾಡಿಕೋ, ಉಳಿದರೆ ಗಿಡಕ್ಕೆ ಹೊಯ್ಯಿ.

ತಾಮ್ರದ ಪಾತ್ರೆಗೆ ಯಾವ ಪುಡಿಯೂ ಬೇಡ. ಹುಳಿ ಹಿಂಡಿ ಉಳಿದ ಹುಣಸೆಯ ಚರಟ, ಅದಕ್ಕೆ ಎರಡು ಕಾಳು ಕಲ್ಲುಪ್ಪು. ನಮ್ಮಲ್ಲಾದರೆ ಬಿಂಬುಳಿ ಎಂಬ ಹುಳಿಕಾಯಿ ಮರದಡಿ ಬಿದ್ದು ಕೊಳೆಯುತ್ತದೆ, ಒಂದನ್ನು ಅರ್ಧ ಮಾಡಿ ಉಜ್ಜಿದರೆ ಸಾಕು, ಕಿಲುಬು ಬಿಡುವುದು ಕಣ್ಣೆದುರೇ ಕಾಣುತ್ತದೆ. ನಾರಿನ ಉಂಡೆಯನ್ನು ಇನ್ನು ತರಿಸಬೇಡ. ನಾಡಿದ್ದು ನಿನ್ನ ಭಾವ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡುತ್ತಾನೆ. ಅವನ ಕೈಯಲ್ಲಿ ಅಂಟುವಾಳ, ಸುತ್ತಿಟ್ಟ ಹತ್ತು ಉಂಡೆ, ಬಾಳೆನಾರಿನ ಒಂದು ಕಟ್ಟು, ಕಡ್ಡಿ ಪೊರಕೆ, ನಮ್ಮ ಹಿಡಿಸೂಡಿ, ಒಂದು ಕಳುಹಿಸುತ್ತೇನೆ. ಹಿಡಿಸೂಡಿಯನ್ನು ತುದಿ ಮೇಲೆ ಮಾಡಿ ನಿಲ್ಲಿಸು, ಇಲ್ಲವಾದರೆ ಕಡ್ಡಿ ಬಾಗಿ ಬೇಗ ಹಾಳಾಗುತ್ತದೆ. ಅಂಟುವಾಳ ಹಾಕಿದ ಸ್ಟೀಲ್ ಡಬ್ಬ ಅಮ್ಮನದ್ದು, ಅವನು ತಿರುಗಿ ಬರುವಾಗ ನೆನಪಿನಿಂದ ಕೊಟ್ಟು ಕಳುಹಿಸು.

ಕೊನೆಗೆ ಗುಂಪಿನವರಲ್ಲಿ ನನ್ನದೂ ಒಂದು ಕೇಳಿಕೆ. ಅಮ್ಮನ ಎರಡು ಹಿತ್ತಾಳೆ ಚೆರಿಗೆ, ಒಂದು ಬೋಗುಣಿ ನನ್ನ ಹತ್ತಿರ ಇವೆ. ಒಳಗಿನ ತವರದ ಕಲಾಯಿ ಪೂರ್ತಿ ಹೋಗಿದೆ. ಹುಳಿ ಹಾಕಿದರೆ ಕಿಲುಬು ಹಿಡಿಯುತ್ತದೆಯೆಂದು ಅಟ್ಟಕ್ಕೇರಿಸಿದ್ದೇನೆ. ಹಿಂದೆ ವರ್ಷಕ್ಕೊಮ್ಮೆ ಕಲಾಯಿಯವರು ತಾವಾಗಿ ಬರುತ್ತಿದ್ದರು. ಅಂಗಳದಲ್ಲಿ ಗುಂಡಿ ತೋಡಿ ತಿದಿ ಊದಿ, ಕಾದ ಪಾತ್ರೆಗೆ ನವಸಾಗರ ಎರಚಿ, ತವರ ಹಾಕಿ ಹತ್ತಿಯಿಂದ ತಿರುಗಿಸಿ ಒರೆಸುತ್ತಿದ್ದರು. ಕ್ಷಣದಲ್ಲಿ ಒಳಗೆಲ್ಲ ಬೆಳ್ಳಿಯ ಹಾಗೆ. ನಾವು ಮಕ್ಕಳು ಆ ಹೊಗೆಗೆ ಕೆಮ್ಮುತ್ತಲೇ ಸುತ್ತ ನಿಲ್ಲುತ್ತಿದ್ದೆವು. ಬದಿಯಡ್ಕ, ನೀರ್ಚಾಲು, ಮುಳ್ಳೇರಿಯ ಕಡೆ ಕೇಳಿ ಆಯಿತು, ಯಾರೂ ಇಲ್ಲ ಎಂದರು. ವಿಟ್ಲ, ಪುತ್ತೂರಿನ ಬದಿ ಇರುವವರು ಸ್ವಲ್ಪ ವಿಚಾರಿಸಿ. ಕೆಲಸ ಬಲ್ಲವರು ಇದ್ದರೆ ಪಾತ್ರೆ ಹೊತ್ತುಕೊಂಡು ನಾನೇ ಬಸ್ಸಿನಲ್ಲಿ ಬರುತ್ತೇನೆ.