ಎರಡು ತಿಂಗಳು ಮನೆಗೆ ಬೀಗ: ಕ್ಯಾಮೆರಾ ಹಾಕಿಸೋದೋ, ಗ್ರಿಲ್ ಮಾಡಿಸೋದೋ?

ತುಂಬೆಹೂವು:
ಮಗಳ ಬಾಣಂತನಕ್ಕೆ ನಾನೂ ಯಜಮಾನ್ರೂ ಬೆಂಗಳೂರಿಗೆ ಹೊರಟಿದ್ದೀವಿ. ಎರಡು ತಿಂಗಳು ಮನೆಗೆ ಬೀಗ. ಚಿಕ್ಕಮಗಳೂರು, ಕಲ್ಯಾಣ ನಗರದ ಹತ್ತಿರ. ಮುಂದಿನ ಅರ್ಧ ತಾರಸಿ, ಹಿಂದೆ ಅಡುಗೆಮನೆ ಬಚ್ಚಲು ಹಳೇ ಹೆಂಚಿನ ಮಾಡು. ಮುಂಬಾಗಿಲು ತೇಗದ್ದು, ಗಟ್ಟಿ ಇದೆ. ಹಿಂಬಾಗಿಲು ಅಷ್ಟಕ್ಕಷ್ಟೆ. ಯಜಮಾನ್ರು ನಾಲ್ಕು ಕ್ಯಾಮೆರಾ ಹಾಕಿಸಿದ್ರೆ ಸಾಕು ಅಂತಾರೆ. ನನಗೆ ಹಿಂದಕ್ಕೊಂದು ಗ್ರಿಲ್ ಗೇಟ್ ಮಾಡಿಸೋಣ ಅಂತ. ಎರಡಕ್ಕೂ ದುಡ್ಡು ಹೊಂದಲ್ಲ. ಯಾವುದು ಮಾಡಿಸೋದು ಹೇಳಿ.

ಹಾಸನದ_ಹೈದ:
ಅಕ್ಕಾ, ಮೊದ್ಲು ಇದನ್ನ ಅಳಿಸಾಕಿ. ಯಾವ ಬಡಾವಣೆ, ಎಷ್ಟು ದಿನ ಇರಲ್ಲ, ಯಾವ ಬಾಗ್ಲು ಸಡ್ಲ, ಎಲ್ಲಾ ಬರ್ದಿದೀರ. ಬೀಗದ ಕೈ ತುಳಸಿ ಕಟ್ಟೆ ಕೆಳಗೈತೆ ಅಂತ ಒಂದು ಸಾಲು ಸೇರ್ಸಿಬುಡಿ ಅತ್ಲಾಗೆ.

ಬೈಪಾಸ್_ಬಾಬು:
ಕ್ಯಾಮೆರಾನೇ. ಇದರಲ್ಲಿ ಚರ್ಚೆ ಮಾಡೋಕೇನಿದೆ? ಗ್ರಿಲ್ ಮುರಿದ್ರೆ ನಿಮಗೆ ಗೊತ್ತಾಗೋದು ಎರಡು ತಿಂಗಳು ಕಳೆದು ವಾಪಸ್ ಬಂದಾಗ. ಕ್ಯಾಮೆರಾ ಇದ್ರೆ ಕಾಂಪೌಂಡ್ ಹಾರಿದ ಕೂಡ್ಲೇ ಮೊಬೈಲ್‌ಗೆ ಅಲರ್ಟ್. ಅಲ್ಲಿಂದಲೇ ಮೈಕಲ್ಲಿ ಗದರಬಹುದು, 112ಕ್ಕೆ ಫೋನ್ ಮಾಡಬಹುದು, ಪಕ್ಕದ ಮನೆಯವರನ್ನ ಎಬ್ಬಿಸಬಹುದು.

ಗ್ರಿಲ್_ಮಂಜಣ್ಣ:
"ಕೂಡ್ಲೇ ಅಲರ್ಟ್" ಅಂತೆ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದ್ರೆ ಯಾವತ್ತು ಬರುತ್ತೆ ಅಂತ ಲೈನ್‌ಮನ್‌ಗೂ ಗೊತ್ತಿರಲ್ಲ. ಕರೆಂಟ್ ಇಲ್ಲ ಅಂದ್ರೆ ವೈಫೈ ಇಲ್ಲ, ವೈಫೈ ಇಲ್ಲ ಅಂದ್ರೆ ಯಾವ ಅಲರ್ಟು? ನಾನು ಫ್ಯಾಬ್ರಿಕೇಷನ್ ಶಾಪ್ ಇಟ್ಕೊಂಡಿರೋನು. ಕಳ್ಳತನ ಆದ ಮನೆಗೆ ಪೊಲೀಸರು ಬಂದು ಹೋದ ಮೇಲೆ ಕರೆಸೋದು ನನ್ನನ್ನೇ. ನೋಡಿದ್ದು ಹೇಳ್ತೀನಿ ಕೇಳಿ. ಬೀಗ ಮುರಿದಿರೋದು ಕಡಿಮೆ. ಬೀಗ ಹಾಗೇ ನೇತಾಡ್ತಿರುತ್ತೆ, ಚಿಲಕದ ಕೊಂಡಿ ಮರದ ಸಮೇತ ಕಿತ್ತು ಬಂದಿರುತ್ತೆ. ಸಾವಿರ ರೂಪಾಯಿ ಬೀಗ ತಗೊಂಡು ಅದರ ಕೊಂಡಿಗೆ ಅರ್ಧ ಇಂಚಿನ ಸ್ಕ್ರೂ ಹೊಡೆಸಿರ್ತಾರೆ! ರಾಡ್ ತೂರಿಸಿ ಒಂದ್ಸಲ ಮೀಟಿದ್ರೆ ಮುಗೀತು.
ತಂಗ್ಯಮ್ಮ, ಹಿಂಬಾಗಿಲಿಗೆ ಗ್ರಿಲ್ ಗೇಟ್ ಮಾಡ್ಸಿ. ಹನ್ನೆರಡು ಎಂಎಂ ಚೌಕದ ಸರಳು, ನಡುವೆ ನಾಲ್ಕು ಇಂಚು ದಾಟಬಾರದು, ಹೋಲ್ಡ್‌ಫಾಸ್ಟ್, ಅಂದ್ರೆ ಗ್ರಿಲ್ ಹಿಡಿದಿಡೋ ಕಬ್ಬಿಣದ ಪಟ್ಟಿ, ಗೋಡೆಯೊಳಗೆ ಕೂರಿಸಿ ಕಾಂಕ್ರೀಟ್ ತುಂಬಿಸಬೇಕು. ಹೊರಗಡೆಯಿಂದ ಸ್ಕ್ರೂ ಹಾಕಿದ ಗ್ರಿಲ್ ಆದ್ರೆ ಅವನಿಗೆ ಒಂದು ಸ್ಕ್ರೂಡ್ರೈವರ್ ಸಾಕು. ಇನ್ನು ಹೆಂಚು. ನಾಲ್ಕು ಹೆಂಚು ಸರಿಸಿದ್ರೆ ಮನುಷ್ಯ ಇಳೀತಾನೆ, ಸದ್ದೂ ಆಗಲ್ಲ. ಕೆಳಗಡೆ ವೆಲ್ಡ್‌ಮೆಶ್, ಅಂದ್ರೆ ಬೆಸುಗೆ ಹಾಕಿದ ಕಂಬಿ ಜಾಲರಿ, ಹೊಡೆಸಿ.

ಬೈಪಾಸ್_ಬಾಬು:
"ಕರೆಸೋದು ನನ್ನನ್ನೇ". ಅಲ್ಲಿಗೆ ಅರ್ಥ ಆಯ್ತು ಬಿಡಿ. ಗ್ರಿಲ್ ಮಾಡೋರು ಕ್ಯಾಮೆರಾ ಹಾಕ್ಸಿ ಅಂತ ಹೇಳ್ತಾರಾ? 4ಜಿ ಸಿಮ್ ಹಾಕೋ ಬ್ಯಾಟರಿ ಕ್ಯಾಮೆರಾ ಬಂದಿದೆ, ಕರೆಂಟೂ ಬೇಡ ವೈಫೈಯೂ ಬೇಡ.

ಗ್ರಿಲ್_ಮಂಜಣ್ಣ:
ನಾನು ದುಡ್ಡಿಗೆ ಹೇಳಿದ್ದಲ್ಲ. ನಿಮ್ಮ ಬ್ಯಾಟರಿ ಕ್ಯಾಮೆರಾ ಮುಂದೆ ಜೇಡ ಬಲೆ ಕಟ್ಟುತ್ತಲ್ಲ, ಅದಕ್ಕೇನು ಮಾಡ್ತೀರಿ? ರಾತ್ರಿ ಕ್ಯಾಮೆರಾ ಸುತ್ತ ಹುಳ ಬರುತ್ತೆ, ಹುಳಕ್ಕೆ ಜೇಡ ಬರುತ್ತೆ. ಗಾಳಿಗೆ ಬಲೆ ಅಲ್ಲಾಡಿದಾಗೆಲ್ಲ "ಮನುಷ್ಯ ಬಂದ" ಅಂತ ಮೊಬೈಲ್ ಕೂಗುತ್ತೆ. ನಾಲ್ಕು ರಾತ್ರಿ ಎದ್ದು ನೋಡ್ತೀರಿ, ಐದನೇ ರಾತ್ರಿ ಸೌಂಡ್ ಆಫ್ ಮಾಡಿ ಮಲಗ್ತೀರಿ. ಕಳ್ಳ ಬರೋದು ಆರನೇ ರಾತ್ರಿ.

ನಿವೃತ್ತ_ಮೇಷ್ಟ್ರು:
ಕ್ಯಾಮೆರಾ, ಕಬ್ಬಿಣ ಎರಡೂ ಆಮೇಲಿನ ಮಾತು. ಮನೆ ಖಾಲಿ ಎಂದು ಕಳ್ಳನಿಗೆ ತಿಳಿಯದಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಅವನು ಹಗಲು ಹೊತ್ತಿನಲ್ಲಿ ಬೀದಿ ಸುತ್ತಿ ನೋಡಿಕೊಂಡು ಹೋಗಿರುತ್ತಾನೆ. ಗೇಟಿನೊಳಗೆ ಬಿದ್ದ ಪತ್ರಿಕೆ, ಹೊರಗೆ ತೂಗುವ ಬೀಗ, ಮಟಮಟ ಮಧ್ಯಾಹ್ನವೂ ಉರಿಯುವ ವರಾಂಡದ ಬಲ್ಬು. ನಮ್ಮ ಕಡೆ ಇವೆಲ್ಲಕ್ಕಿಂತ ಮುಂಚೆ ಕಣ್ಣಿಗೆ ಬೀಳುವುದು ಬಾಗಿಲ ಮುಂದಿನ ರಂಗೋಲಿ. ಎರಡು ದಿನ ರಂಗೋಲಿ ಕಾಣದಿದ್ದರೆ ಮನೆಯಲ್ಲಿ ಜನ ಇಲ್ಲ ಎಂದು ದಾರಿಹೋಕನಿಗೂ ತಿಳಿಯುತ್ತದೆ. ಪಕ್ಕದ ಮನೆಯ ಹೆಣ್ಣುಮಕ್ಕಳಿಗೆ ಹೇಳಿ, ದಿನಾ ಬೆಳಿಗ್ಗೆ ನೀರು ಹಾಕಿ ನಾಲ್ಕು ಎಳೆ ಎಳೆಸಿ. ಹೋಗುವ ಮುನ್ನ ಠಾಣೆಗೂ ಒಂದು ಮಾತು ತಿಳಿಸಿ, ರಾತ್ರಿ ಬೀಟ್‌ನವರು ಒಂದು ಕಣ್ಣಿಟ್ಟಿರುತ್ತಾರೆ.

ಸೀತಾಳೆದಂಡೆ:
"ಪಕ್ಕದ ಮನೆಯ ಹೆಣ್ಣುಮಕ್ಕಳಿಗೆ ಹೇಳಿ". ಯಾಕೆ ಮೇಷ್ಟ್ರೇ, ಪಕ್ಕದ ಮನೆ ಗಂಡಸರ ಕೈಗೆ ಏನಾಗಿದೆ? ಬೆಳಿಗ್ಗೆ ಎದ್ದು ನಮ್ಮನೆ ಬಾಗಿಲು ತೊಳೆದು, ತಿಂಡಿ ಮಾಡಿ, ಡಬ್ಬಿ ಕಟ್ಟಿ, ಮಕ್ಕಳನ್ನ ವ್ಯಾನ್ ಹತ್ತಿಸಿ, ಇದರ ಮೇಲೆ ಊರವರ ಮನೆ ಕಾವಲೂ ನಮ್ಮ ತಲೆಗೇ? ವಾಚ್‌ಮನ್‌ಗಾದ್ರೆ ಸಂಬಳ ಕೊಡ್ತೀರಿ.

ನಿವೃತ್ತ_ಮೇಷ್ಟ್ರು:
"ಊರವರ ಮನೆ" ಅಂದಿರಿ ನೋಡಿ, ಅಲ್ಲೇ ಇದೆ ಇವತ್ತಿನ ಸಮಸ್ಯೆ. ನಮ್ಮ ಕಾಲದಲ್ಲಿ ಪಕ್ಕದ ಮನೆಯವರನ್ನು ಊರವರು ಅನ್ನುತ್ತಿರಲಿಲ್ಲ. ನಾವು ಕಾಶಿಗೆ ಹೋದಾಗ ಪಕ್ಕದ ಮನೆಯವರು ದಿನವೂ ರಂಗೋಲಿ ಹಾಕಿದ್ದರು, ಯಾರೂ ಸಂಬಳ ಕೇಳಲಿಲ್ಲ.

ಸೀತಾಳೆದಂಡೆ:
ಅವರು ಕಾಶಿಗೆ ಹೋದಾಗ ನೀವು ಹಾಕಿದ್ರಾ? ನೀವೇ, ಮನೆಯವರಲ್ಲ.

ಹಿರೇಮಗಳೂರು_ಕಡೆಯವ:
ಇಬ್ಬರೂ ಮುಖ್ಯವಾದದ್ದನ್ನೇ ಬಿಟ್ಟಿದ್ದೀರಿ. ಒಳಗೆ ದೇವರ ಮುಂದೆ ದೀಪ ಇಲ್ಲದ ಮನೆಯ ಬಾಗಿಲಲ್ಲಿ ರಂಗೋಲಿ ಹಾಕೋ ಪದ್ಧತಿ ನಮ್ಮಲ್ಲಿಲ್ಲ. ಮೊದಲು ಬಾಗಿಲು ತೆಗೀಬೇಕು, ಆಮೇಲೆ ಸಾರಿಸಬೇಕು, ಆಮೇಲೆ ರಂಗೋಲಿ. ಮುಚ್ಚಿದ ಬಾಗಿಲ ಮುಂದೆ ಯಾರೋ ಬಂದು ಎಳೆದು ಹೋದ್ರೆ ಅದಕ್ಕೆ ಏನರ್ಥ? ಇನ್ನೊಂದು, ತಿಥಿ ದಿನ ರಂಗೋಲಿ ಇರಲ್ಲ, ಸೂತಕದಲ್ಲಿ ಇರಲ್ಲ. ರಂಗೋಲಿ ಇಲ್ಲ ಅಂದ ಮಾತ್ರಕ್ಕೆ ಮನೆ ಖಾಲಿ ಅನ್ನೋದು ತಪ್ಪು.

ಹಾಸನದ_ಹೈದ:
ಕರೆಕ್ಟು ಸ್ವಾಮಿ. ಕಳ್ಳ ಪಂಚಾಂಗ ನೋಡ್ಕಂಡ್ ಬತ್ತಾನೆ. "ಇವರ್ ಮನೇಲಿ ಇವತ್ತು ತಿಥಿ ಇರ್ಬೋದು, ವಡೆ ಪಾಯ್ಸ ಮಾಡಿರ್ತಾರೆ, ಊಟದ ಹೊತ್ಗೇ ಹೋಗಾಣ" ಅಂತ.

ಬೈಪಾಸ್_ಬಾಬು:
ಪೇಂಟ್ ರಂಗೋಲಿ ಹಾಕ್ಸಿ, ಇಲ್ಲ ಸ್ಟಿಕ್ಕರ್ ಅಂಟ್ಸಿ. ಮುಗೀತು. ಇದಕ್ಕೆ ಇಷ್ಟು ಜಗಳವಾ?

ಸೀತಾಳೆದಂಡೆ:
"ಮುಗೀತು" ಅಂತೆ. ಪೇಂಟ್ ರಂಗೋಲಿ ಮೇಲೆ ಒಂದು ವಾರದ ಕಸ, ಎಲೆ, ಬೆಕ್ಕಿನ ಹೆಜ್ಜೆ ಕೂತಿದ್ರೆ ಮನೆ ಖಾಲಿ ಅಂತ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಗುಡಿಸೋಕೆ ಮತ್ತೆ ಯಾರು ಬರ್ಬೇಕು? ಪಕ್ಕದ ಮನೆ ಹೆಣ್ಣುಮಕ್ಕಳು!

ಮೂಡಿಗೆರೆ_ತೋಟದಮನೆ:
ಮಾರಾಯ್ರೆ, ಪೇಟೆಯವರಿಗೆ ರಂಗೋಲಿ ಚಿಂತೆ. ಕೊಯ್ಲು ಮುಗಿದ ಮೇಲೆ ಕಣದಲ್ಲಿ ಒಣಹಾಕಿದ ಕಾಫಿ, ಮೆಣಸು ಕಾಯೋ ಕಷ್ಟ ನಮಗೆ ಗೊತ್ತು. ಅಲ್ಲಿ ಬಾಗಿಲೇ ಇಲ್ಲ, ಗ್ರಿಲ್ ಎಲ್ಲಿ ಹಾಕ್ತೀರಿ? ನಮ್ಮಲ್ಲಿ ಲೈಸೆನ್ಸ್ ಕೋವಿ ಇದೆ, ನಾಯಿ ಇದೆ. ಗೋಡೆ ಮೇಲೆ ಕೋವಿ ಕಂಡ್ರೆ ಸಾಕು, ಯಾರೂ ಈ ಕಡೆ ಸುಳಿಯಲ್ಲ.

ಹಾಸನದ_ಹೈದ:
ಎಲೆಕ್ಷನ್ ಬಂದಾಗ ಕೋವಿ ತಗಂಡೋಗಿ ಸ್ಟೇಷನ್‌ಗೆ ಒಪ್ಪುಸ್ತೀರಲ್ಲ, ಆಗ ಗೋಡೆ ಮೇಲೆ ಏನು ನೇತಾಕ್ತೀರಣ್ಣ? ನಾಯಿ ಇಟ್ಕಳಿ, ಆದ್ರೆ ತೋಟದ ಕಡೆ ಚಿರತೆಗೆ ಅದೇ ಮೊದ್ಲ ತಿಂಡಿ.

ವಕೀಲ_ಕಡೂರು:
ಕೋವಿ ಮಾತು ಬಂದದ್ದರಿಂದ ಹೇಳುತ್ತೇನೆ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ರಾತ್ರಿ ಹೊತ್ತು ಕಳ್ಳತನಕ್ಕೆಂದು ಕನ್ನ ಹಾಕಿದರೆ ಕಲಂ 331(4), 14 ವರ್ಷದವರೆಗೆ ಶಿಕ್ಷೆ. ಮನೆಯೊಳಗಿನ ಕಳ್ಳತನಕ್ಕೆ ಕಲಂ 305, 7 ವರ್ಷದವರೆಗೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಕನ್ನ ಹಾಕುವವನ ವಿರುದ್ಧ ಆಸ್ತಿ ರಕ್ಷಣೆಯ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗಬಹುದು ಎನ್ನುತ್ತದೆ ಕಲಂ 41. ಆದರೆ ಅದು ಕಲಂ 37ಕ್ಕೆ ಒಳಪಟ್ಟದ್ದು. ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಓಡಿಹೋಗುತ್ತಿರುವವನ ಬೆನ್ನಿಗೆ ಗುಂಡು ಹೊಡೆದರೆ ಕಟಕಟೆಯಲ್ಲಿ ನಿಲ್ಲುವವರು ನೀವು.

ಮೂಡಿಗೆರೆ_ತೋಟದಮನೆ:
"ಪ್ರಾಣ ತೆಗೆಯುವವರೆಗೂ ಹೋಗಬಹುದು". ಎಲ್ಲರೂ ಓದ್ಕೊಳ್ಳಿ. ವಕೀಲರೇ ಹೇಳಿದ್ದಾರೆ.

ವಕೀಲ_ಕಡೂರು:
ಅದರ ಮುಂದಿನ ವಾಕ್ಯವನ್ನೂ ಓದಿ ಸ್ವಾಮಿ.

ಮೂಡಿಗೆರೆ_ತೋಟದಮನೆ:
ಓದಿದೆ. ಬೆನ್ನಿಗೆ ಅಂದ್ರಿ. ನಾನು ಬೆನ್ನಿಗೆ ಅಂತ ಎಲ್ಲಿ ಹೇಳಿದೆ?

ಬೈಪಾಸ್_ಬಾಬು:
ತುಂಬೆಹೂವು ಅವರೇ, ಒಂದು ಹೋಮ್ ಇನ್ಶೂರೆನ್ಸ್ ಮಾಡಿಸಿಬಿಡಿ. ಕ್ಯಾಮೆರಾ ಮತ್ತೆ ಇನ್ಶೂರೆನ್ಸ್, ಇಷ್ಟಿದ್ರೆ ನಿಶ್ಚಿಂತೆ. ಒಡವೆ ಬ್ಯಾಂಕ್ ಲಾಕರ್‌ನಲ್ಲಿಡಿ.

ವಕೀಲ_ಕಡೂರು:
"ನಿಶ್ಚಿಂತೆ" ಅನ್ನುವ ಮೊದಲು ಷರತ್ತು ಓದಿ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಕೊಡುತ್ತಿರುವ 'ಭಾರತ್ ಗೃಹ ರಕ್ಷಾ' ಮೂಲತಃ ಬೆಂಕಿ, ನೆರೆ, ಭೂಕಂಪದಂಥವಕ್ಕೆ. ಅದರಲ್ಲಿ ಕಳ್ಳತನ ಬರುವುದು ಅಂಥ ಅವಘಡ ಆಗಿ 7 ದಿನದೊಳಗೆ, ಅದರ ಕಾರಣದಿಂದಲೇ ಆದರೆ ಮಾತ್ರ. ಬರೀ ಕನ್ನಕಳ್ಳತನಕ್ಕೆ ಬೇರೆ ಪಾಲಿಸಿ ಬೇಕು. ಅದರಲ್ಲೂ ಮನೆ ಖಾಲಿ ಬಿದ್ದು ತಿಂಗಳು ದಾಟಿದರೆ ಹಣ ಇಲ್ಲ ಎನ್ನುವ ಷರತ್ತು ಕೆಲವದರಲ್ಲಿ ಇರುತ್ತದೆ. ಇವರು ಹೋಗುತ್ತಿರುವುದು ಎರಡು ತಿಂಗಳು.

ಗ್ರಿಲ್_ಮಂಜಣ್ಣ:
ಲಾಕರ್‌ದೂ ಹೇಳಿ ವಕೀಲ್ರೇ. ಅಲ್ಲಿ ಕಳ್ಳತನ ಆದ್ರೆ ಬ್ಯಾಂಕ್ ಎಷ್ಟು ಕೊಡುತ್ತೆ?

ವಕೀಲ_ಕಡೂರು:
ರಿಸರ್ವ್ ಬ್ಯಾಂಕ್ ನಿಯಮದಂತೆ 2022ರ ಜನವರಿ 1ರಿಂದ, ವರ್ಷದ ಲಾಕರ್ ಬಾಡಿಗೆಯ 100 ಪಟ್ಟು. 2,000 ಬಾಡಿಗೆ ಇದ್ದರೆ 2 ಲಕ್ಷ. ಆದರೂ ಮನೆಯ ಬೀರುವಿಗಿಂತ ಲಾಕರ್ ವಾಸಿ, ಅದರಲ್ಲಿ ಅನುಮಾನ ಬೇಡ.

ಗ್ರಿಲ್_ಮಂಜಣ್ಣ:
ಎರಡು ಲಕ್ಷ! ಇವತ್ತಿನ ಚಿನ್ನದ ರೇಟಿಗೆ ಎರಡು ಬಳೆ ಬರಲ್ಲ. ಕೇಳಿಸ್ಕೊಂಡ್ರಾ ಬಾಬು?

ಬೈಪಾಸ್_ಬಾಬು:
"ಲಾಕರ್ ವಾಸಿ" ಅಂತ ಅವರೇ ಹೇಳಿದ್ದು ನಿಮಗೆ ಕೇಳಿಸಿತಾ?

ನಿವೃತ್ತ_ಮೇಷ್ಟ್ರು:
ನಾನು ಊಟ ಮುಗಿಸಿ ಬರುವಷ್ಟರಲ್ಲಿ ಚರ್ಚೆ ಎಲ್ಲಿಗೋ ಹೋಗಿದೆ. ಸೀತಾಳೆದಂಡೆಯವರು ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಇದೆ. ಅವರು ಕಾಶಿಗೆ ಹೋಗಲಿಲ್ಲ. ಮಗನ ಮನೆಗೆ ಮೈಸೂರಿಗೆ ಹೋಗಿದ್ದರು. ಆಗ ಅವರ ಗಿಡಕ್ಕೆ ನೀರು ಹಾಕಿದ್ದು ನಾನೇ.

ಸೀತಾಳೆದಂಡೆ:
ಗಿಡಕ್ಕೆ ನೀರು! ರಂಗೋಲಿ ಹಾಕಿದ್ದು ಯಾರು ಅಂತ ನಾನು ಕೇಳಿದ್ದು.

ನಿವೃತ್ತ_ಮೇಷ್ಟ್ರು:
ರಂಗೋಲಿ ಎಳೆಯಲು ನನಗೆ ಬರುವುದಿಲ್ಲ. ಬಾರದ ಕೆಲಸವನ್ನು ಬಾರದು ಎಂದು ಹೇಳಿದರೆ ಅದೂ ತಪ್ಪಾ?

ಸೀತಾಳೆದಂಡೆ:
ಕಲೀರಿ. ಚುಕ್ಕಿ ಇಟ್ಟು ಸೇರಿಸೋದು, ಬೀಜಗಣಿತ ಅಲ್ಲ. ನಿವೃತ್ತಿ ಆಗಿದೆಯಲ್ಲ, ಬೆಳಿಗ್ಗೆ ವಾಕಿಂಗ್ ಹೋಗೋಕೆ ಟೈಮಿದೆಯಲ್ಲ.

ಹಿರೇಮಗಳೂರು_ಕಡೆಯವ:
ಗಂಡಸರು ಹಾಕಬಾರದು ಅಂತ ಎಲ್ಲೂ ಇಲ್ಲ, ಹೋಮಕ್ಕೆ ಮಂಡಲ ಬರೆಯೋರು ಪುರೋಹಿತರೇ. ಆದರೆ ದೀಪ ಇಲ್ಲದ ಮನೆಗೆ ಸಲ್ಲದು ಅಂದೆನಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಹಾಸನದ_ಹೈದ:
ಹಾಸನಾಂಬೆ ಗುಡಿ ವರ್ಷಕ್ಕೊಂದ್ಸಲ ದೀಪಾವಳಿ ಟೈಮಲ್ಲಿ ತೆಗಿಯೋದು. ಬಾಗ್ಲು ಮುಚ್ಚಿದ್ರೂ ಒಳಗೆ ದೀಪ ಉರೀತಿರ್ತದೆ ಅಂತ ನಂಬಿಕೆ. ಹಂಗೇ ಅಕ್ಕನ ಮನೆಯೊಳಗೂ ಉರೀತೈತೆ ಅಂದ್ಕಂಡು ರಂಗೋಲಿ ಹಾಕ್ಸಿ ಸ್ವಾಮಿ.

ಹಿರೇಮಗಳೂರು_ಕಡೆಯವ:
ದೇವಿ ಗುಡಿಯನ್ನ ಬೀಗ ಹಾಕಿದ ಮನೆಗೆ ಹೋಲಿಸ್ತೀರಾ? ನಾಲಿಗೆ ಮೇಲೆ ಹಿಡಿತ ಇರಲಿ. ತಮಾಷೆಗೂ ಒಂದು ಮಿತಿ ಇದೆ.

ಹಾಸನದ_ಹೈದ:
ನಮ್ಮೂರ್ ತಾಯಿ, ನಮಗೇ ಹೇಳ್ಕೊಡ್ತೀರಾ?

ತುಂಬೆಹೂವು:
ಎಲ್ಲರಿಗೂ ನಮಸ್ಕಾರ. ನಮ್ಮ ಬಲಗಡೆ ಸೈಟು ಖಾಲಿ, ಎಡಗಡೆ ಮನೆಗೆ ಬಾಡಿಗೆಯವರು ಇನ್ನೂ ಬಂದಿಲ್ಲ. ರಂಗೋಲಿಗೆ ಹೇಳೋಕೆ ಯಾರೂ ಇಲ್ಲ. ಮಂಜಣ್ಣ, ಹಿಂಬಾಗಿಲಿಗೆ ಗೇಟ್, ಹೆಂಚಿನ ಕೆಳಗೆ ಮೆಶ್, ಎರಡೂ ಸೇರಿ ಎಷ್ಟಾಗುತ್ತೆ? ಯಜಮಾನ್ರು ಇನ್ನೂ ಕ್ಯಾಮೆರಾ ಅಂತಲೇ ಕೂತಿದ್ದಾರೆ.

ಗ್ರಿಲ್_ಮಂಜಣ್ಣ:
ಕೆಜಿ ಲೆಕ್ಕ ತಂಗ್ಯಮ್ಮ, ಅಳತೆ ನೋಡದೆ ಹೇಳಕ್ಕಾಗಲ್ಲ. ಬಾಗಿಲ ಅಗಲ, ಎತ್ತರ, ಅಡುಗೆಮನೆ ಮಾಡಿನ ಉದ್ದ ಕಳಿಸಿ. ಗೇಟಿಗೆ ಹೊರಗೆ ನೇತಾಡೋ ಬೀಗ ಬೇಡ, ಒಳಬೀಗ ಕೂರಿಸಿ ಕೊಡ್ತೀನಿ. ಹೊರಗಿಂದ ನೋಡಿದ್ರೆ ಬೀಗ ಹಾಕಿದೆಯೋ ಇಲ್ವೋ ಗೊತ್ತಾಗಬಾರದು.

ಬೈಪಾಸ್_ಬಾಬು:
ಬಂತು ನೋಡಿ, "ಅಳತೆ ಕಳಿಸಿ". ದುಡ್ಡಿಗೆ ಹೇಳಿದ್ದಲ್ಲ ಅಂದ್ರಲ್ಲ ಮಂಜಣ್ಣ?

ಹಾಸನದ_ಹೈದ:
ಅಕ್ಕಾ, ಈಗ ಅಕ್ಕಪಕ್ಕದ ಮನೇಲೂ ಜನ ಇಲ್ಲ ಅಂತ ಬರ್ದಿದೀರ. ಅಳತೆನಾದ್ರೂ ಇಲ್ಲಿ ಹಾಕ್ಬೇಡಿ.

ನಿವೃತ್ತ_ಮೇಷ್ಟ್ರು:
ಎಡಗಡೆ ಮನೆಗೆ ಬಾಡಿಗೆಯವರು ಬಂದ ಮೇಲೆ ಅವರಿಗೆ ಹೇಳಬಹುದಲ್ಲ.

ಸೀತಾಳೆದಂಡೆ:
ಬರೋ ಬಾಡಿಗೆಯವರು ಬ್ರಹ್ಮಚಾರಿ ಹುಡುಗರಾದ್ರೆ ಹೇಳ್ತೀರಾ ಮೇಷ್ಟ್ರೇ?